ದಾದಿಯರ ಕಲಿಕೆ ಮತ್ತು ಆಸರೆ: ಒಂದು ಚಾರಿತ್ರಿಕ ನೋಟ

ಊರು ಬಿಟ್ಟು ಹೊಟ್ಟೆಪಾಡಿಗೆಂದು ಮಹಾನಗರಗಳಿಗೆ ಬಂದ ಕನ್ನಡಿಗರ ಚರಿತ್ರೆಯಲ್ಲಿ ರಾತ್ರಿ ಶಾಲೆಗಳಿಗೆ ದೊಡ್ಡ ಸ್ಥಾನವಿದೆ. ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದ ಹುಡುಗರು ರಾತ್ರಿ ಪುಸ್ತಕ ಹಿಡಿದು ಕುಳಿತು ಮೆಟ್ರಿಕ್ ಮುಗಿಸಿದ ಕಥೆಯನ್ನು ನಾವು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಇದೇ ನಗರಗಳ ಆಸ್ಪತ್ರೆಗಳಿಗೆ ದಾದಿಯರಾಗಿ ದುಡಿಯಲು ಬಂದ ನಮ್ಮ ಹೆಣ್ಣುಮಕ್ಕಳ ಮಾತು ನಮ್ಮ ಸಭೆಗಳಲ್ಲಿ ಕೇಳಿಬರುವುದು ಅಪರೂಪ. ಅವರಿಗೆ ರಾತ್ರಿ ಶಾಲೆ ಇರಲಿಲ್ಲ; ಇದ್ದುದು ರಾತ್ರಿ ಪಾಳಿ. ಕೆಲಸಕ್ಕೆ ಸೇರಿದ ಮೇಲೆ ದಾದಿಗೆ ಕಲಿಯುವ ಅವಕಾಶ ಯಾವಾಗ, ಎಲ್ಲಿ? ದಣಿದಾಗ, ಹೆದರಿದಾಗ ಅವಳಿಗೆ ಆಸರೆ ಯಾರು? ಈ ಎರಡು ಪ್ರಶ್ನೆಗಳಿಗೆ ನೂರೈವತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಅದನ್ನು ನೋಡಿದರೆ ಇವು ಎರಡಲ್ಲ, ಒಂದೇ ಪ್ರಶ್ನೆ ಎಂಬುದು ನಮಗೆ ಮನವರಿಕೆಯಾಗುತ್ತದೆ.

ಆಧುನಿಕ ಶುಶ್ರೂಷಾ ಶಿಕ್ಷಣ ಆರಂಭವಾದದ್ದು ಲಂಡನ್ನಿನಲ್ಲಿ. ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿ ಹೆಸರಾದ ಫ್ಲಾರೆನ್ಸ್ ನೈಟಿಂಗೇಲ್ ಅವರ ಗೌರವಾರ್ಥ ಸಂಗ್ರಹವಾದ ನಿಧಿಯಿಂದ 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆಯಿತು. ಮೊದಲ ತಂಡದಲ್ಲಿ 15 ಮಂದಿ ವಿದ್ಯಾರ್ಥಿನಿಯರಿದ್ದರು. ಅವರಿಗೆ ಪಾಠದ ಜೊತೆಗೆ ಊಟ, ವಸತಿ, ಸಮವಸ್ತ್ರ, ಕೈಖರ್ಚಿಗೆ ಒಂದಿಷ್ಟು ಹಣ ಎಲ್ಲವೂ ದೊರೆಯುತ್ತಿದ್ದವು. ಕಲಿಕೆ ಮತ್ತು ಆಸರೆ ಅಲ್ಲಿ ಒಂದೇ ಸೂರಿನಡಿ ಹುಟ್ಟಿದವು. 1872ರಿಂದ ನೈಟಿಂಗೇಲ್ ತಮ್ಮ ವಿದ್ಯಾರ್ಥಿನಿಯರಿಗೆ ಆಗಾಗ ಬಹಿರಂಗ ಪತ್ರಗಳನ್ನು ಬರೆಯುತ್ತಿದ್ದರು. ಕಲಿತದ್ದು ಸಾಕೆಂದು ನಿಂತ ದಾದಿ ಇದ್ದಲ್ಲೇ ಇರುವುದಿಲ್ಲ, ಹಿಂದೆ ಬೀಳುತ್ತಾಳೆ ಎಂಬುದು ಅವರ ಮುಖ್ಯ ಉಪದೇಶವಾಗಿತ್ತು. ನಿರಂತರ ಶಿಕ್ಷಣ ಎಂದು ನಾವು ಇಂದು ಕರೆಯುವುದರ ಬೀಜ ಅಲ್ಲಿಯೇ ಇದೆ.

ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿನ ಸೈನ್ಯದ ಮತ್ತು ಜನರ ಆರೋಗ್ಯದ ಬಗೆಗೆ ದಶಕಗಟ್ಟಲೆ ಬರೆದರು. ಇಲ್ಲಿ ಮದರಾಸಿನ ಸರಕಾರಿ ಜನರಲ್ ಆಸ್ಪತ್ರೆಯಲ್ಲಿ 1871ರಲ್ಲಿ ದಾದಿಯರ ತರಬೇತಿ ಆರಂಭವಾಯಿತು. ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ 1886ರಲ್ಲಿ ಶಾಲೆ ತೆರೆಯಿತು. ಅಲ್ಲಿ 1891ರಲ್ಲಿ ತರಬೇತಿಗೆ ಸೇರಿದ ಬಾಯಿ ಕಾಶೀಬಾಯಿ ಗಣಪತ್ ಮೊದಲ ಭಾರತೀಯ ದಾದಿ ಎಂದು ಶುಶ್ರೂಷಾ ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಪರಪುರುಷರ ಮೈ ಮುಟ್ಟುವ, ಮಲಮೂತ್ರ ತೆಗೆಯುವ, ಇರುಳಲ್ಲಿ ಮನೆಯ ಹೊರಗಿರುವ ಕೆಲಸವೆಂದರೆ ಮಡಿ-ಮೈಲಿಗೆಯ ನಮ್ಮ ಸಮಾಜ ಮೂಗು ಮುರಿಯುತ್ತಿದ್ದ ಕಾಲ ಅದು. ಹೀಗಾಗಿ ಬಹುಕಾಲ ಈ ವೃತ್ತಿಯ ಭಾರವನ್ನು ಹೆಚ್ಚಾಗಿ ಕ್ರೈಸ್ತ ಮತ್ತು ಆಂಗ್ಲೋ-ಇಂಡಿಯನ್ ಮಹಿಳೆಯರೇ ಹೊತ್ತರು. ಅವರ ಋಣ ದೊಡ್ಡದು.

ಇಲ್ಲಿನ ಶಾಲೆಗಳಿಗೆ ಒಂದು ಮೂಲ ದೋಷವಿತ್ತು. ಶಾಲೆ ಆಸ್ಪತ್ರೆಯ ಸೊತ್ತು; ವಿದ್ಯಾರ್ಥಿನಿ ಅಗ್ಗದ ಕೂಲಿ. ವಾರ್ಡಿನಲ್ಲಿ ಆಳು ಸಾಲದಿದ್ದರೆ ಪಾಠ ನಿಲ್ಲುತ್ತಿತ್ತು, ಕೆಲಸ ನಿಲ್ಲುತ್ತಿರಲಿಲ್ಲ. ಸರ್ಟಿಫಿಕೇಟು ಕೈಗೆ ಬಂದ ದಿನವೇ ಅವಳ ವಿದ್ಯಾಭ್ಯಾಸಕ್ಕೆ ಕೊನೆ. ಹೊಸ ಔಷಧಿ, ಹೊಸ ಯಂತ್ರ, ಹೊಸ ಶಸ್ತ್ರಚಿಕಿತ್ಸೆ ಬಂದರೆ ವೈದ್ಯರಿಗೆ ಸಮ್ಮೇಳನ. ದಾದಿಗೆ ಹಿರಿಯ ಸಿಸ್ಟರು ಹೇಳಿಕೊಟ್ಟಷ್ಟೇ ಪಾಠ.

ಈ ಕೊರತೆಯನ್ನು ನೀಗಲು ಮೊದಲು ಮುಂದಾದವರು ಸ್ವತಃ ದಾದಿಯರೇ ಎಂಬುದು ಗಮನಿಸಬೇಕಾದ ಸಂಗತಿ. 1905ರಲ್ಲಿ ಲಖನೌದಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟರ ಸಂಘ ಹುಟ್ಟಿತು. 1908ರಲ್ಲಿ ಭಾರತದ ತರಬೇತಾದ ದಾದಿಯರ ಸಂಘ, ಅಂದರೆ ಟಿ.ಎನ್.ಎ.ಐ., ಸ್ಥಾಪನೆಯಾಯಿತು. 1910ರಿಂದ ಆ ಸಂಘದ ಪತ್ರಿಕೆ ಹೊರಬರತೊಡಗಿತು. ಪೇಶಾವರದಿಂದ ಮದರಾಸಿನವರೆಗೆ ಚದುರಿಹೋಗಿದ್ದ ದಾದಿಯರಿಗೆ ಪರಸ್ಪರ ವಿಚಾರ ವಿನಿಮಯಕ್ಕೆ ಅದೊಂದು ದಾರಿಯಾಯಿತು. ಒಂದು ಪತ್ರಿಕೆ ದೂರ ದೂರದವರನ್ನು ಹೇಗೆ ಒಂದುಗೂಡಿಸುತ್ತದೆ ಎಂಬುದನ್ನು ಹೊರನಾಡ ಕನ್ನಡಿಗರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನಿನ ಬೆಂಬಲ ನಿಧಾನವಾಗಿ ಬಂತು. ಮದರಾಸು ಪ್ರಾಂತದಲ್ಲಿ 1926ರಲ್ಲಿ, ಮುಂಬಯಿ ಪ್ರಾಂತದಲ್ಲಿ 1935ರಲ್ಲಿ ದಾದಿಯರ ನೋಂದಣಿಯ ಶಾಸನಗಳಾದವು. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ ದೇಶದ ನಿಜಸ್ಥಿತಿಯನ್ನು ಕಣ್ಣಿಗೆ ಕಟ್ಟುವಂತೆ ಮುಂದಿಟ್ಟಿತು. ಇಡೀ ದೇಶದಲ್ಲಿ ಸುಮಾರು 7,000 ದಾದಿಯರು. 43,000 ಜನರಿಗೆ ಒಬ್ಬಳು! ಅದೇ 1946ರಲ್ಲಿ ದಿಲ್ಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾಯಿತು. ದಿಲ್ಲಿಯ ಕಾಲೇಜು ಮುಂದೆ ಸ್ವತಂತ್ರ ಭಾರತದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರು ಪಡೆಯಿತು. ಭಾರತೀಯ ಶುಶ್ರೂಷಾ ಪರಿಷತ್ತಿನ ಶಾಸನ 1947ರಲ್ಲಿ ಜಾರಿಗೆ ಬಂತು.

ಇಲ್ಲಿ ನಮ್ಮ ನಾಡಿನ ಒಂದು ಹೆಸರು ಬರುತ್ತದೆ. ದಾದಿಯರ ಸೇವಾ ನಿಯಮ, ವೇತನ, ತರಬೇತಿಗಳನ್ನು ಪರಿಶೀಲಿಸಲು 1954ರಲ್ಲಿ ನೇಮಕವಾದ ಸಮಿತಿಗೆ ಅಧ್ಯಕ್ಷರಾಗಿದ್ದವರು ಎ. ಬಿ. ಶೆಟ್ಟಿ. ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ರಾಜ್ಯಕ್ಕೆ ಸೇರಿತ್ತು. ರಾಜಾಜಿಯವರ ಮಂತ್ರಿಮಂಡಲದಲ್ಲಿ ಅವರು ಆರೋಗ್ಯ ಖಾತೆ ನೋಡಿಕೊಂಡವರು. 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕನ್ನು ಕಟ್ಟಿದವರೆಂದು ಅವರನ್ನು ನಾವೆಲ್ಲ ಬಲ್ಲೆವು. ಆ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾದಾಗ ನಮ್ಮಲ್ಲಿ ಎಷ್ಟೋ ಜನ ಕಣ್ಣೀರಿಟ್ಟದ್ದುಂಟು. ಆದರೆ ದಾದಿಯರ ಹೆಸರಿನೊಡನೆಯೂ ‘ಶೆಟ್ಟಿ ಸಮಿತಿ’ ಎಂಬ ಹೆಸರು ಬೆಸೆದುಕೊಂಡಿದೆಯೆಂಬುದನ್ನು ಬಲ್ಲವರು ಕಡಮೆ. ನರ್ಸಿಂಗ್ ಕಲಿಯುವ ಹುಡುಗಿಯರು ಇಂದಿಗೂ ಪರೀಕ್ಷೆಗೆಂದು ಆ ಸಮಿತಿಯ ಹೆಸರನ್ನು ಬಾಯಿಪಾಠ ಮಾಡುತ್ತಾರೆ.

ಸೇವೆಯಲ್ಲಿರುವವರ ಮುಂದಿನ ಕಲಿಕೆಗೆ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಅಂದರೆ 1974ರ ನಂತರದ ನಿಮ್ಹಾನ್ಸ್, ತರಬೇತಾದ ದಾದಿಯರಿಗೆಂದೇ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ನಡೆಸಿತು. ದಿಲ್ಲಿಯಲ್ಲಿ 1959ರಲ್ಲಿ ಸ್ನಾತಕೋತ್ತರ ಶಿಕ್ಷಣ ಬಂತು. ಮುಂಬಯಿಯಲ್ಲಿ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ಲೀಲಾಬಾಯಿ ಠಾಕರ್ಸಿ ನರ್ಸಿಂಗ್ ಕಾಲೇಜು 1964ರಲ್ಲಿ ಆರಂಭವಾಯಿತು. 1990ರ ದಶಕದಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ದೂರಶಿಕ್ಷಣದ ಮೂಲಕವೇ ಪೋಸ್ಟ್ ಬೇಸಿಕ್ ಪದವಿಗೆ ಅವಕಾಶ ಮಾಡಿಕೊಟ್ಟಿತು. ನೌಕರಿ ಬಿಡದೆ ಪದವಿ! ದಾದಿಯರಿಗೆ ರಾತ್ರಿ ಶಾಲೆಯಂತಹುದೊಂದು ಸಿಕ್ಕಿತೆನ್ನಬಹುದು.

ಆದರೆ ಬಾಗಿಲು ತೆರೆದರಷ್ಟೇ ಸಾಲದು. ಒಳಗೆ ಬರುವವಳು ಕ್ಷೇಮವಾಗಿರಬೇಕಲ್ಲ? ಈ ಮಾತಿಗೆ ಬಂದಾಗ ನಮ್ಮ ಮನಸ್ಸು ಪರೇಲಿನ ಕೆ.ಇ.ಎಂ. ಆಸ್ಪತ್ರೆಯತ್ತ ಹೋಗದೆ ಇರದು. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಬಂದು ಅಲ್ಲಿ ಕಿರಿಯ ದಾದಿಯಾಗಿದ್ದ ಅರುಣಾ ಶಾನಭಾಗ್ ಮೇಲೆ 1973ರ ನವೆಂಬರ್ 27ರಂದು, ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದ ವೇಳೆ, ಅದೇ ಆಸ್ಪತ್ರೆಯ ಒಬ್ಬ ಕೆಲಸಗಾರ ಹಲ್ಲೆ ಮಾಡಿದ. ಆಗ ಆಕೆಗೆ 25 ವರ್ಷ. ಅಂದಿನಿಂದ 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ, ಸುಮಾರು 42 ವರ್ಷ ಕಾಲ, ಆಕೆ ಅರಿವಿಲ್ಲದ ಸ್ಥಿತಿಯಲ್ಲಿ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು.

ಈ ದುರಂತದ ಬಗ್ಗೆ ಬರೆದವರು ಬಹಳ. ನಾವು ಇಲ್ಲಿ ನೆನೆಯಬೇಕಾದದ್ದು ಆಕೆಯ ಸಹೋದ್ಯೋಗಿಗಳನ್ನು. ಹಲ್ಲೆಯ ನಂತರ ಮುಂಬಯಿಯ ದಾದಿಯರು ಅರುಣಾರ ಆರೈಕೆಗಾಗಿ, ತಮ್ಮ ಕೆಲಸದ ಸ್ಥಿತಿಗತಿಗಳ ಸುಧಾರಣೆಗಾಗಿ ಮುಷ್ಕರ ಹೂಡಿದರು. 1980ರ ದಶಕದಲ್ಲಿ ಮಹಾನಗರಪಾಲಿಕೆ ಆಕೆಯನ್ನು ಬೇರೆಡೆಗೆ ಸಾಗಿಸಲು ಹೊರಟಾಗ ಕೆ.ಇ.ಎಂ.ನ ದಾದಿಯರು ಅಡ್ಡ ನಿಂತು ತಡೆದರು. ಹಳಬರು ನಿವೃತ್ತರಾದರು, ಹೊಸಬರು ಬಂದರು. ಸೇವೆ ಕೈಯಿಂದ ಕೈಗೆ ದಾಟಿತು. 2011ರ ಮಾರ್ಚ್ 7ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಇಷ್ಟು ವರ್ಷ ಹಾಸಿಗೆ ಹಿಡಿದಿದ್ದರೂ ಆಕೆಯ ಮೈಮೇಲೆ ಒಂದೇ ಒಂದು ಹಾಸಿಗೆ ಹುಣ್ಣು ಕೂಡ ಆಗಿಲ್ಲವೆಂಬುದನ್ನು ಗಮನಿಸಿ ದಾದಿಯರನ್ನು ಕೊಂಡಾಡಿತು. ಹಾಸಿಗೆ ಹುಣ್ಣು ಬಾರದಂತೆ ರೋಗಿಯ ಮಗ್ಗುಲು ಬದಲಿಸುವುದು ದಾದಿಯ ಮೊದಲ ಪಾಠಗಳಲ್ಲೊಂದು. ಅದನ್ನು ನಾಲ್ಕು ದಶಕ, ಹಗಲೂ ಇರುಳೂ ತಪ್ಪದೆ ಪಾಲಿಸುವುದು ಯಾವ ಪದವಿಗೂ ಕಡಮೆಯ ವಿದ್ಯೆಯಲ್ಲ. ಇಂಥ ವಿದ್ಯೆಯುಳ್ಳವರನ್ನು ಕಾಪಾಡಲು ಒಂದು ಭದ್ರವಾದ ಕೋಣೆ, ಒಂದು ಬೆಳಕು, ಒಬ್ಬ ಕಾವಲುಗಾರ ಬೇಕೆಂಬುದನ್ನು ಕಲಿಯಲು ಎಷ್ಟು ದೊಡ್ಡ ಬೆಲೆ ತೆರಬೇಕಾಯಿತು!

1987ರಲ್ಲಿ ಕೇಂದ್ರ ಸರಕಾರ ಮದರಾಸಿನ ಸಮಾಜಸೇವಕಿ ಸರೋಜಿನಿ ವರದಪ್ಪನ್ ಅವರ ನೇತೃತ್ವದಲ್ಲಿ ಶುಶ್ರೂಷಾ ವೃತ್ತಿಯ ಕುರಿತು ಉನ್ನತಾಧಿಕಾರ ಸಮಿತಿಯೊಂದನ್ನು ನೇಮಿಸಿತು. 1989ರಲ್ಲಿ ಬಂದ ಅದರ ಶಿಫಾರಸುಗಳನ್ನು ಓದಿದರೆ ದಾದಿಯ ದಿನಚರಿಯನ್ನೇ ಓದಿದಂತಾಗುತ್ತದೆ. ವಾರಕ್ಕೆ 40 ಗಂಟೆಗಳ ಕೆಲಸ, ಒಂದೇ ದಿನದಲ್ಲಿ ಎರಡು ತುಂಡಾದ ಪಾಳಿಯ ಬದಲು ನೇರ ಪಾಳಿ, ವಾರದ ರಜೆ, ಹೆಚ್ಚು ದುಡಿದರೆ ಬದಲಿ ರಜೆ, ಆಸ್ಪತ್ರೆಯ ಬಳಿ ವಸತಿ, ಹೊತ್ತಲ್ಲದ ಹೊತ್ತಿನಲ್ಲಿ ವಾಹನ, ಮಕ್ಕಳಿಗೆ ಶಿಶುಗೃಹ, ಶುಶ್ರೂಷೆಗೆ ಸಂಬಂಧಪಡದ ಕೆಲಸಗಳಿಂದ ಬಿಡುಗಡೆ! ಇವುಗಳ ಪಕ್ಕದಲ್ಲಿಯೇ ಪ್ರತಿಯೊಬ್ಬ ದಾದಿಗೂ ಪುನಶ್ಚೇತನ ಶಿಬಿರ, ಉನ್ನತ ವ್ಯಾಸಂಗಕ್ಕೆ ನಿಯೋಜನೆ ಎಂಬ ಮಾತುಗಳಿವೆ. ಕಲಿಕೆಯನ್ನೂ ಆಸರೆಯನ್ನೂ ಸಮಿತಿ ಒಂದೇ ಉಸಿರಿನಲ್ಲಿ ಹೇಳಿತು. ಮಗುವನ್ನು ಎಲ್ಲಿ ಬಿಡಲಿ ಎಂಬ ಚಿಂತೆಯಲ್ಲಿರುವ ತಾಯಿ ಶಿಬಿರಕ್ಕೆ ಹೋಗುವುದು ಹೇಗೆ?

ಮುಂದಿನ ಕೆಲವು ಹೆಜ್ಜೆಗಳನ್ನು ಇಲ್ಲಿ ದಾಖಲಿಸಬೇಕು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾನೂನು 2013ರಲ್ಲಿ ಬಂತು. ಖಾಸಗಿ ಆಸ್ಪತ್ರೆಗಳ ದಾದಿಯರ ಕಡಮೆ ಸಂಬಳದ ವಿರುದ್ಧ ಟಿ.ಎನ್.ಎ.ಐ. ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 2016ರಲ್ಲಿ ನೀಡಿದ ನಿರ್ದೇಶನದಂತೆ ರಚನೆಯಾದ ಸಮಿತಿ, 50 ಹಾಸಿಗೆಗಳಿಗಿಂತ ಕಡಮೆಯಿರುವ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಕಡಮೆ ಕೊಡಕೂಡದೆಂದು ಶಿಫಾರಸು ಮಾಡಿತು. ಅದೇ ವರ್ಷ ಕೇಂದ್ರ ಸರಕಾರದ ಆಸ್ಪತ್ರೆಗಳಲ್ಲಿ ‘ಸ್ಟಾಫ್ ನರ್ಸ್’ ಎಂಬ ಹೆಸರು ‘ನರ್ಸಿಂಗ್ ಆಫೀಸರ್’ ಎಂದಾಯಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಗೃಹ ಕಡ್ಡಾಯವೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. ನೋಂದಣಿಯ ನವೀಕರಣಕ್ಕೆ ಐದು ವರ್ಷಗಳಲ್ಲಿ 150 ಗಂಟೆಗಳ ನಿರಂತರ ಶಿಕ್ಷಣ ಆಗಬೇಕೆಂದು ಶುಶ್ರೂಷಾ ಪರಿಷತ್ತು ಗೊತ್ತುಮಾಡಿತು. 1947ರ ಶಾಸನದ ಸ್ಥಾನದಲ್ಲಿ ರಾಷ್ಟ್ರೀಯ ಆಯೋಗವನ್ನು ತರುವ ಹೊಸ ಶಾಸನಕ್ಕೆ 2023ರಲ್ಲಿ ಸಂಸತ್ತು ಒಪ್ಪಿಗೆಯಿತ್ತಿತು.

ಕಾಗದದ ಮೇಲೆ ಇದು ಸಣ್ಣ ಸಾಧನೆಯಲ್ಲ. ಆದರೂ ನಮ್ಮದೊಂದು ಅನುಮಾನವನ್ನು ಹೇಳಿಬಿಡುತ್ತೇವೆ. ಐದು ವರ್ಷಕ್ಕೆ 150 ಗಂಟೆಯೆಂದರೆ ವರ್ಷಕ್ಕೆ 30 ಗಂಟೆ. ಅದು ಆಸ್ಪತ್ರೆಯ ವೇಳೆಯೋ, ದಾದಿಯ ವಿರಾಮದ ವೇಳೆಯೋ? ಬೋಧನಾ ಆಸ್ಪತ್ರೆಗಳಲ್ಲಿ ಮೂವರು ರೋಗಿಗಳಿಗೆ ಒಬ್ಬಳು, ಉಳಿದೆಡೆ ಐವರಿಗೆ ಒಬ್ಬಳು ದಾದಿ ಇರಬೇಕೆಂಬ ಪರಿಷತ್ತಿನ ಹಳೆಯ ನಿಯಮ ಪಾಲನೆಯಾಗದ ವಾರ್ಡಿನಲ್ಲಿ, ಒಬ್ಬಳು ಪಾಠಕ್ಕೆ ಹೋದರೆ ಇನ್ನೊಬ್ಬಳ ಬೆನ್ನ ಮೇಲೆ ಎರಡು ಹೊರೆ. ಹಾಗಾದಾಗ ಕಲಿಕೆ ವರವಾಗುವುದಿಲ್ಲ, ದಂಡವಾಗುತ್ತದೆ. ಹಾಜರಿ ಪುಸ್ತಕದ ಸಹಿಯಾಗಿ ಉಳಿಯುತ್ತದೆ. ಸಾಕಷ್ಟು ಜನ, ಸಾಕಷ್ಟು ನಿದ್ದೆ, ನಿರ್ಭಯವಾದ ದಾರಿ ಇದ್ದರೆ ಮಾತ್ರ ಪಾಠ ತಲೆಗೆ ಹತ್ತೀತು. ಅಂತಿಮವಾಗಿ ಇದರ ಫಲ ಉಣ್ಣುವವನು ರೋಗಿ, ಅಂದರೆ ನಾವೇ.

ನಮ್ಮ ಕೈಯಲ್ಲಿ ಏನಿದೆ ಎಂದು ಓದುಗರು ಕೇಳಬಹುದು. ಶಾಸನ ಮಾಡುವುದು ನಮ್ಮ ಕೆಲಸವಲ್ಲ. ಆದರೆ ರಾತ್ರಿ ಶಾಲೆಗಳನ್ನು ಕಟ್ಟಿದ್ದು ಸರಕಾರವಾಗಿರಲಿಲ್ಲ, ನಮ್ಮ ಹಿರಿಯರೇ. ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳನ್ನು ನಮ್ಮ ಸಂಘ-ಸಂಸ್ಥೆಗಳು ಶಾಲು ಹೊದಿಸಿ ಸನ್ಮಾನಿಸುತ್ತವೆ. ಹತ್ತು ವರ್ಷ ವಾರ್ಡಿನಲ್ಲಿ ದುಡಿದು, ಮತ್ತೆ ಪುಸ್ತಕ ಹಿಡಿದು ಪೋಸ್ಟ್ ಬೇಸಿಕ್ ಪದವಿಗೆ ಹೊರಟ ದಾದಿಗೂ ಅದೇ ವೇದಿಕೆಯಲ್ಲಿ ಒಂದು ವಿದ್ಯಾರ್ಥಿವೇತನವನ್ನು ಕೊಡಬಹುದು. ಊರಿನಿಂದ ಹೊಸದಾಗಿ ಬಂದು ಆಸ್ಪತ್ರೆ ಸೇರಿದ ಹುಡುಗಿಗೆ ಒಳ್ಳೆಯ ವಸತಿ ಹುಡುಕಿಕೊಡಬಹುದು. ಹಬ್ಬದ ದಿನ ಮನೆಗೆ ಕರೆದು ಎಲೆ ಹಾಕಬಹುದು. ನಮ್ಮ ಮನೆಯ ಸೊಸೆಯೋ ಮಗಳೋ ದಾದಿಯಾಗಿದ್ದರೆ, ಅವಳು ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆ ಒಲೆಯ ಮುಂದೆ ನಿಲ್ಲಿಸದೆ ಮಲಗಲು ಬಿಡಬಹುದು. ಸಮಿತಿಗಳು ಬರೆದಿಟ್ಟ ಎಷ್ಟೋ ಶಿಫಾರಸುಗಳಲ್ಲಿ ಇದೊಂದನ್ನಾದರೂ ಜಾರಿಗೆ ತರಲು ನಮಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.