ಸರ್ವರ್ ಬಳಕೆಯ ಮೇಲ್ವಿಚಾರಣೆ ಮತ್ತು ರೇಖಾಚಿತ್ರಗಳು: ಅರ್ಜಿದಾರರ ಮಾಹಿತಿಗಾಗಿ

ಆನ್‌ಲೈನ್ ಸೇವೆಗಳನ್ನು ಕೋರಿ ಬರುವ ನಾಗರಿಕರು ಸೇವಾ ಕೇಂದ್ರಗಳಲ್ಲಿ "ಸರ್ವರ್ ಡೌನ್ ಆಗಿದೆ" ಎಂಬ ಉತ್ತರವನ್ನು ಕೇಳಿರುತ್ತಾರೆ. ಈ ಒಂದು ಮಾತಿನಲ್ಲಿ ಹಲವು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರುತ್ತವೆ. ಸರ್ವರ್ ನಿಜವಾಗಿಯೂ ಸ್ಥಗಿತಗೊಂಡಿರಬಹುದು. ಸರ್ವರ್ ಕಾರ್ಯನಿರ್ವಹಿಸುತ್ತಿದ್ದು ಅದರ ಮೇಲಿನ ಒತ್ತಡ ಮಿತಿಮೀರಿರಬಹುದು. ನಡುವಿನ ಜಾಲಸಂಪರ್ಕ ಕಡಿದಿರಬಹುದು. ಅಥವಾ ಕೌಂಟರಿನ ಗಣಕಯಂತ್ರದಲ್ಲಿಯೇ ದೋಷವಿರಬಹುದು. ಇವುಗಳ ಪೈಕಿ ಯಾವುದು ಸಂಭವಿಸಿತೆಂಬುದನ್ನು ಮೇಲ್ವಿಚಾರಣಾ ತಂತ್ರಾಂಶಗಳು ದಾಖಲಿಸುವ ರೇಖಾಚಿತ್ರಗಳಿಂದ ಬಹುಮಟ್ಟಿಗೆ ತಿಳಿಯಬಹುದಾಗಿದೆ. ಸದರಿ ರೇಖಾಚಿತ್ರಗಳು ಹೇಗೆ ಸಿದ್ಧವಾಗುತ್ತವೆ, ಅವುಗಳನ್ನು ಹೇಗೆ ಓದಬೇಕು ಹಾಗೂ ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಇದು ಕೇವಲ ತಾಂತ್ರಿಕ ವಿಷಯವಲ್ಲ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಅಡಿಯಲ್ಲಿ ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಅರ್ಜಿದಾರರು ದಿನವೊಂದಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ಪಡೆಯಲು ಅವಕಾಶವಿದೆ. ಆದರೆ ಅರ್ಜಿ ಗಣಕಯಂತ್ರದಲ್ಲಿ ದಾಖಲಾಗದೆ ಸ್ವೀಕೃತಿ ಸಂಖ್ಯೆಯೇ ದೊರೆಯದಿದ್ದರೆ, ದಿನಗಳ ಲೆಕ್ಕವನ್ನು ತೋರಿಸಲು ಅರ್ಜಿದಾರರ ಕೈಯಲ್ಲಿ ಯಾವ ದಾಖಲೆಯೂ ಇರುವುದಿಲ್ಲ.

ಅಳತೆ ನಡೆಯುವ ವಿಧಾನ

ಸರ್ವರ್ ಮತ್ತು ಜಾಲಸಾಧನಗಳನ್ನು ದೂರದಿಂದ ಗಮನಿಸಲು 1988ರಲ್ಲಿ ಎಸ್‌ಎನ್‌ಎಂಪಿ ಎಂಬ ಸಂವಹನ ನಿಯಮಾವಳಿಯನ್ನು ರೂಪಿಸಲಾಯಿತು. ಇದರಂತೆ ಪ್ರತಿ ಸಾಧನದಲ್ಲಿಯೂ ಏಜೆಂಟ್ ಎಂಬ ಸಣ್ಣ ತಂತ್ರಾಂಶವಿರುತ್ತದೆ. ಮೇಲ್ವಿಚಾರಣಾ ಗಣಕಯಂತ್ರವು ಸಾಮಾನ್ಯವಾಗಿ 161ನೇ ಪೋರ್ಟ್ ಮೂಲಕ ಪ್ರಶ್ನೆಯನ್ನು ಕಳುಹಿಸುತ್ತದೆ. ಏಜೆಂಟ್ ಒಂದು ಸಂಖ್ಯೆಯನ್ನು ಉತ್ತರವಾಗಿ ನೀಡುತ್ತದೆ.

ಜಾಲದಲ್ಲಿ ಹರಿಯುವ ದತ್ತಾಂಶದ ಅಳತೆಯು ಮನೆಯ ವಿದ್ಯುತ್ ಮೀಟರನ್ನು ಹೋಲುತ್ತದೆ. ಮೀಟರ್ ಈ ಕ್ಷಣದ ಬಳಕೆಯನ್ನು ಹೇಳುವುದಿಲ್ಲ, ಮೊದಲಿನಿಂದ ಇಲ್ಲಿಯವರೆಗಿನ ಒಟ್ಟು ಎಣಿಕೆಯನ್ನು ತೋರಿಸುತ್ತದೆ. ಎರಡು ಬಾರಿ ಓದಿ, ವ್ಯತ್ಯಾಸವನ್ನು ನಡುವಿನ ಸೆಕೆಂಡುಗಳಿಂದ ಭಾಗಿಸಿದಾಗ ವೇಗ ದೊರೆಯುತ್ತದೆ. ಹಳೆಯ ಸಾಧನಗಳ ಎಣಿಕೆಗೆ 32 ಬಿಟ್‌ಗಳ ಮಿತಿಯಿದ್ದು, 4,29,49,67,295 ಬೈಟ್‌ಗಳಾದ ನಂತರ ಅದು ಪುನಃ ಸೊನ್ನೆಗೆ ಮರಳುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ಸಾಮರ್ಥ್ಯದ ಮಾರ್ಗವು ಪೂರ್ಣವಾಗಿ ತುಂಬಿ ಹರಿದರೆ ಸುಮಾರು 5 ನಿಮಿಷ 44 ಸೆಕೆಂಡುಗಳಲ್ಲಿ, 1 ಗಿಗಾಬಿಟ್ ಮಾರ್ಗವಾದರೆ ಸುಮಾರು 34 ಸೆಕೆಂಡುಗಳಲ್ಲಿ ಈ ಮಿತಿ ಮುಟ್ಟುತ್ತದೆ. ಐದು ನಿಮಿಷಕ್ಕೊಮ್ಮೆ ಓದುವವರಿಗೆ ಎಣಿಕೆ ಎಷ್ಟು ಸುತ್ತು ತಿರುಗಿತೆಂಬುದೇ ತಿಳಿಯದು. ರೇಖೆಯು ನಿಜಕ್ಕಿಂತ ಬಹಳ ಕೆಳಗೆ ಬೀಳುತ್ತದೆ. ಆದುದರಿಂದ ವೇಗದ ಮಾರ್ಗಗಳಿಗೆ 64 ಬಿಟ್‌ಗಳ ಎಣಿಕೆಯನ್ನೇ ಬಳಸತಕ್ಕದ್ದು.

ಐದು ನಿಮಿಷಗಳ ಪದ್ಧತಿ

ಈ ಸಂಖ್ಯೆಗಳನ್ನು ಅಂತರ್ಜಾಲ ಪುಟದಲ್ಲಿ ರೇಖಾಚಿತ್ರವಾಗಿ ತೋರಿಸುವ ಪದ್ಧತಿಯನ್ನು ಎಂಆರ್‌ಟಿಜಿ ಎಂಬ ಉಚಿತ ತಂತ್ರಾಂಶವು ವ್ಯಾಪಕಗೊಳಿಸಿತು. ಟೋಬಿ ಓಟಿಕರ್ ಅವರು ಇಂಗ್ಲೆಂಡಿನ ಲೆಸ್ಟರ್ ನಗರದ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾನಿಲಯದಲ್ಲಿದ್ದಾಗ, 1994ರಲ್ಲಿ, ಅಲ್ಲಿನ ಹೊರಸಂಪರ್ಕದ ಏಕೈಕ 64 ಕಿಲೋಬಿಟ್ ಮಾರ್ಗದ ದಟ್ಟಣೆಯನ್ನು ಎಲ್ಲರೂ ನೋಡುವಂತಾಗಲೆಂದು ಇದನ್ನು ಬರೆದರು. ಅವರೇ 1999ರಲ್ಲಿ ಆರ್‌ಆರ್‌ಡಿಟೂಲ್ ಎಂಬ ದತ್ತಾಂಶ ಸಂಗ್ರಹ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ಕ್ಯಾಕ್ಟೈ, ಮುನಿನ್ ಮುಂತಾದವು ಅದನ್ನೇ ಆಧರಿಸಿವೆ. ಇಂದು ಪ್ರೊಮಿಥಿಯಸ್, ಗ್ರಫಾನಾ ಮೊದಲಾದ ತಂತ್ರಾಂಶಗಳೂ ಬಳಕೆಯಲ್ಲಿದ್ದು, ಅಳತೆಯ ಅಂತರವು ಎಷ್ಟೋ ಕಡೆ ಸೆಕೆಂಡುಗಳಿಗೆ ಇಳಿದಿದೆ. ಆದರೂ ಐದು ನಿಮಿಷಗಳ ಪದ್ಧತಿಯು ಇನ್ನೂ ಮರೆಯಾಗಿಲ್ಲ.

ಎಂಆರ್‌ಟಿಜಿ ನಾಲ್ಕು ಚಿತ್ರಗಳನ್ನು ನೀಡುತ್ತದೆ: ದಿನದ ಚಿತ್ರದಲ್ಲಿ 5 ನಿಮಿಷದ ಸರಾಸರಿ, ವಾರದ ಚಿತ್ರದಲ್ಲಿ 30 ನಿಮಿಷದ ಸರಾಸರಿ, ತಿಂಗಳ ಚಿತ್ರದಲ್ಲಿ 2 ಗಂಟೆಯ ಸರಾಸರಿ ಮತ್ತು ವರ್ಷದ ಚಿತ್ರದಲ್ಲಿ ಒಂದು ದಿನದ ಸರಾಸರಿ. ದಾಖಲೆಯ ಕಡತವು ಬೆಳೆಯದಿರಲೆಂದು ಹಳೆಯ ವಿವರಗಳನ್ನು ಹೀಗೆ ಸರಾಸರಿಗೆ ಇಳಿಸಲಾಗುತ್ತದೆ. ನಾಗರಿಕರು ಮುಖ್ಯವಾಗಿ ಗಮನಿಸಬೇಕಾದ ಅಂಶವು ಇಲ್ಲಿಯೇ ಇದೆ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಕಚೇರಿ ತೆರೆದ ಕೂಡಲೇ ಎಲ್ಲ ಕೌಂಟರುಗಳಿಂದ ಅರ್ಜಿಗಳು ಏಕಕಾಲಕ್ಕೆ ಬಂದು, ಸರ್ವರಿನ ಸಂಸ್ಕಾರಕವು ಒಂದು ನಿಮಿಷ ಶೇ. 100ರಷ್ಟು ತುಂಬಿತೆಂದೂ ಉಳಿದೆಲ್ಲ ಸಮಯದಲ್ಲಿ ಶೇ. 10ರಷ್ಟು ಮಾತ್ರ ಬಳಕೆಯಾಯಿತೆಂದೂ ಭಾವಿಸೋಣ. 5 ನಿಮಿಷದ ಸರಾಸರಿಯಲ್ಲಿ ಇದು ಶೇ. 28 ಎಂದು ಕಾಣುತ್ತದೆ. 30 ನಿಮಿಷದ ಸರಾಸರಿಯಲ್ಲಿ ಶೇ. 13. 2 ಗಂಟೆಯ ಸರಾಸರಿಯಲ್ಲಿ ಶೇ. 11ಕ್ಕಿಂತಲೂ ಕಡಿಮೆ. ತಿಂಗಳ ಚಿತ್ರವನ್ನು ನೋಡಿದ ಅಧಿಕಾರಿಗೆ ಸರ್ವರ್ ಬಹುತೇಕ ಬಿಡುವಾಗಿಯೇ ಇತ್ತೆಂದು ತೋರುತ್ತದೆ; ಆ ಒಂದು ನಿಮಿಷದಲ್ಲಿ ಅರ್ಜಿ ಕಳೆದುಕೊಂಡವರ ಅನುಭವ ಬೇರೆಯೇ ಆಗಿರುತ್ತದೆ. ಚಿತ್ರದಲ್ಲಿ ಸುಳ್ಳೇನೂ ಇಲ್ಲ, ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಆದುದರಿಂದ ಸರಾಸರಿಯ ಜೊತೆಗೆ ಗರಿಷ್ಠ ಮೌಲ್ಯವನ್ನೂ ಸಂಗ್ರಹಿಸಿಡುವುದು ಅಗತ್ಯ. ಆರ್‌ಆರ್‌ಡಿಟೂಲ್‌ನಲ್ಲಿ ಗರಿಷ್ಠವನ್ನು ಉಳಿಸುವಂತೆ ಮೊದಲೇ ಸೂಚಿಸಿರದಿದ್ದರೆ, ಸರಾಸರಿಯಲ್ಲಿ ಕರಗಿಹೋದ ಏರಿಕೆಯನ್ನು ನಂತರ ಮರಳಿ ಪಡೆಯಲಾಗದು.

ಎಂಆರ್‌ಟಿಜಿಯ ಸ್ವಂತ ದಾಖಲೆ ಕಡತದಲ್ಲಿ ಐದು ನಿಮಿಷದ ವಿವರಗಳು 600 ಮಾತ್ರ, ಅಂದರೆ ಸುಮಾರು ಎರಡು ದಿನಗಳಷ್ಟೇ ಉಳಿಯುತ್ತವೆ. ಅರ್ಧ ಗಂಟೆಯ ವಿವರಗಳು ಸುಮಾರು ಹನ್ನೆರಡೂವರೆ ದಿನ ಉಳಿಯುತ್ತವೆ. ಮಾಹಿತಿ ಹಕ್ಕು ಅಧಿನಿಯಮ, 2005ರಲ್ಲಿ "ಮಾಹಿತಿ" ಎಂಬ ಪದವು ವಿದ್ಯುನ್ಮಾನ ರೂಪದ ದತ್ತಾಂಶವನ್ನೂ ಒಳಗೊಂಡಿದೆ. ಆದರೆ ಉತ್ತರಕ್ಕೆ ಸಾಮಾನ್ಯ ಅವಧಿ 30 ದಿನಗಳು. ಅಷ್ಟರಲ್ಲಿ ಕೋರಿದ ವಿವರವೇ ಸರಾಸರಿಯಾಗಿ ಮಾರ್ಪಟ್ಟಿರಬಹುದು. ಈ ಕಾರಣದಿಂದ ತೊಂದರೆಯಾದ ದಿನವೇ ಲಿಖಿತ ದೂರು ನೀಡಿ, ಆ ಸಮಯದ ದಾಖಲೆಯನ್ನು ಪ್ರತ್ಯೇಕವಾಗಿ ಉಳಿಸುವಂತೆ ಕೋರುವುದು ಸೂಕ್ತ.

ರೇಖಾಚಿತ್ರದಲ್ಲಿನ ಖಾಲಿ ಜಾಗ

ರೇಖೆ ಸೊನ್ನೆಗೆ ಇಳಿಯುವುದು ಬೇರೆ, ರೇಖೆಯೇ ಇಲ್ಲದಿರುವುದು ಬೇರೆ. ಉತ್ತರ ಬಾರದಿದ್ದಾಗ ಆರ್‌ಆರ್‌ಡಿಟೂಲ್ ಸೊನ್ನೆಯನ್ನು ಬರೆಯದೆ "ತಿಳಿದಿಲ್ಲ" ಎಂದು ದಾಖಲಿಸುತ್ತದೆ. ಚಿತ್ರದಲ್ಲಿ ಅದು ಖಾಲಿ ಜಾಗವಾಗಿ ಕಾಣುತ್ತದೆ. ಸರ್ವರ್ ನಿಂತಿತ್ತೆಂಬುದಕ್ಕೆ ಇದೊಂದೇ ಸಾಕ್ಷಿಯಾಗಲಾರದು. ಎಸ್‌ಎನ್‌ಎಂಪಿ ಪ್ರಶ್ನೋತ್ತರಗಳು ಸಾಮಾನ್ಯವಾಗಿ ಯುಡಿಪಿ ಮೂಲಕ ಸಾಗುವುದರಿಂದ ದಟ್ಟಣೆಯಲ್ಲಿ ಕಳೆದುಹೋಗಬಹುದು. ಮೇಲ್ವಿಚಾರಣಾ ಗಣಕಯಂತ್ರವೇ ನಿಂತಿರಲೂಬಹುದು.

ಇದರ ವಿರುದ್ಧದ ಸ್ಥಿತಿಯೂ ಉಂಟು. ಮೇಲ್ವಿಚಾರಣಾ ಗಣಕಯಂತ್ರವು ಸರ್ವರ್ ಇರುವ ದತ್ತಾಂಶ ಕೇಂದ್ರದಲ್ಲಿಯೇ ಇದ್ದರೆ, ತಾಲ್ಲೂಕು ಕಚೇರಿಯ ಸಂಪರ್ಕ ಕಡಿದಿರುವಾಗಲೂ ಸರ್ವರಿನ ರೇಖೆಗಳು ಸಹಜವಾಗಿಯೇ ಕಾಣುತ್ತವೆ. ರಾಜ್ಯ ಕೇಂದ್ರದಿಂದ ಜಿಲ್ಲೆ ಮತ್ತು ತಾಲ್ಲೂಕುಗಳವರೆಗೆ ಹಬ್ಬಿರುವ ಕೆ-ಸ್ವಾನ್‌ನಂತಹ ಜಾಲದಲ್ಲಿ ಮಾರ್ಗಗಳನ್ನೂ ಅಳೆಯಬೇಕು. ಬಳಕೆದಾರರಿರುವ ಕಡೆಯಿಂದಲೇ ಅಳೆದರೆ ಇನ್ನೂ ಉತ್ತಮ. ಪ್ರತಿಕ್ರಿಯೆಯ ವಿಳಂಬವನ್ನು ಮತ್ತು ಕಳೆದುಹೋದ ಪ್ಯಾಕೆಟ್‌ಗಳನ್ನು ದಾಖಲಿಸಲು ಸ್ಮೋಕ್‌ಪಿಂಗ್ ಎಂಬ ತಂತ್ರಾಂಶವಿದೆ.

ಇತರ ರೇಖೆಗಳು

ಲಿನಕ್ಸ್ ಸರ್ವರ್‌ಗಳಲ್ಲಿ ಖಾಲಿ ಮೆಮೊರಿ ಬಹಳ ಕಡಿಮೆ ಎಂದು ತೋರಿದರೆ ಗಾಬರಿಗೆ ಕಾರಣವಿಲ್ಲ. ಬಿಡುವಾದ ಮೆಮೊರಿಯನ್ನು ಕಡತಗಳ ಪ್ರತಿಗಳನ್ನಿಡಲು ಬಳಸಿ, ಅಗತ್ಯ ಬಿದ್ದಾಗ ಬಿಟ್ಟುಕೊಡುವುದು ಅದರ ರೀತಿ. ಲೋಡ್ ಸರಾಸರಿಯು ಕಳೆದ 1, 5 ಮತ್ತು 15 ನಿಮಿಷಗಳಲ್ಲಿ ನಡೆಯುತ್ತಿದ್ದ ಮತ್ತು ಸರದಿಯಲ್ಲಿದ್ದ ಕೆಲಸಗಳ ಪ್ರಮಾಣವನ್ನು ಸೂಚಿಸುತ್ತದೆ. ಡಿಸ್ಕಿಗಾಗಿ ಕಾಯುವ ಕೆಲಸಗಳೂ ಲಿನಕ್ಸ್‌ನಲ್ಲಿ ಇದಕ್ಕೆ ಸೇರುವುದರಿಂದ, ಸಂಸ್ಕಾರಕ ಬಿಡುವಾಗಿದ್ದು ಲೋಡ್ ಮಾತ್ರ ಏರಿದ್ದರೆ ಡಿಸ್ಕಿನ ಕಡೆ ನೋಡಬೇಕು. ಡಿಸ್ಕ್ ತುಂಬಿರುವುದು ಅತ್ಯಂತ ಸಾಮಾನ್ಯ ದೋಷ. ವಾರಗಟ್ಟಲೆ ಮೊದಲೇ ರೇಖೆಯಲ್ಲಿ ಕಾಣುವಂತಹುದೂ ಹೌದು. ಅದರಿಂದ ಸೇವೆ ನಿಂತಿತೆಂದರೆ ರೇಖಾಚಿತ್ರವನ್ನು ಯಾರೂ ನೋಡುತ್ತಿರಲಿಲ್ಲವೆಂದೇ ಭಾವಿಸಬೇಕಾಗುತ್ತದೆ.

ಅರ್ಜಿದಾರರು ಬರೆದಿಟ್ಟುಕೊಳ್ಳಬೇಕಾದ ವಿವರಗಳು

ರೇಖಾಚಿತ್ರಗಳು ಸಮಯದ ಆಧಾರದಲ್ಲಿರುವುದರಿಂದ "ಬೆಳಿಗ್ಗೆ ಬಂದಿದ್ದೆ, ಆಗಲಿಲ್ಲ" ಎಂಬ ದೂರನ್ನು ಅವುಗಳೊಂದಿಗೆ ತಾಳೆ ನೋಡಲಾಗದು. ದಿನಾಂಕ, ನಿಮಿಷದವರೆಗಿನ ಸಮಯ, ಕೇಂದ್ರದ ಹೆಸರು ಹಾಗೂ ಪರದೆಯ ಮೇಲೆ ಬಂದ ಸಂದೇಶವನ್ನು ಇದ್ದಂತೆಯೇ ಬರೆದುಕೊಳ್ಳುವಂತೆ ಕೋರಲಾಗಿದೆ. ಸಂದೇಶದಲ್ಲಿ 503 ಎಂಬ ಸಂಖ್ಯೆ ಇದ್ದರೆ, ಅತಿಯಾದ ಒತ್ತಡದಿಂದ ಅಥವಾ ನಿರ್ವಹಣಾ ಕಾರ್ಯದಿಂದ ಸೇವೆ ತಾತ್ಕಾಲಿಕವಾಗಿ ಲಭ್ಯವಿಲ್ಲವೆಂದು ಸಾಮಾನ್ಯ ಅರ್ಥ. 504 ಇದ್ದರೆ ಮುಂದಿನ ಸರ್ವರಿಗೆ ಒಳಗಿನ ಸರ್ವರಿನಿಂದ ಸಕಾಲದಲ್ಲಿ ಉತ್ತರ ಬರಲಿಲ್ಲವೆಂದು ಅರ್ಥ. ಇವೆರಡರಲ್ಲಿ ಯಾವುದು ಬಂದಿದ್ದರೂ ಕೋರಿಕೆಯು ಸೇವೆಯ ಹೊಸ್ತಿಲವರೆಗೆ ತಲುಪಿತ್ತು, ಕೌಂಟರಿನ ಸಂಪರ್ಕ ಕಡಿದಿರಲಿಲ್ಲ ಎಂದಾಯಿತು.

ಪುಟ ತೆರೆಯದಿದ್ದಾಗ ರಿಫ್ರೆಶ್ ಗುಂಡಿಯನ್ನು ಪದೇ ಪದೇ ಒತ್ತಬಾರದು. ಪ್ರತಿ ಒತ್ತುವಿಕೆಯೂ ಹೊಸ ಕೋರಿಕೆಯಾಗಿ ಸರದಿಯನ್ನು ಇನ್ನಷ್ಟು ಉದ್ದಗೊಳಿಸುತ್ತದೆ. ಶುಲ್ಕ ಕಡಿತವಾಗಿ ಸ್ವೀಕೃತಿ ಬಾರದಿದ್ದಲ್ಲಿ ವಹಿವಾಟು ಸಂಖ್ಯೆಯನ್ನು ಕಾಯ್ದಿಟ್ಟುಕೊಂಡು, ಪಾವತಿಯ ಸ್ಥಿತಿಯನ್ನು ಪರಿಶೀಲಿಸುವ ಮುನ್ನ ಎರಡನೇ ಬಾರಿ ಪಾವತಿಸಬಾರದು.

ಗೋಪ್ಯತೆ

ಎಸ್‌ಎನ್‌ಎಂಪಿಯ ಮೊದಲ ಆವೃತ್ತಿಯಲ್ಲಿಯೂ 2ಸಿ ಆವೃತ್ತಿಯಲ್ಲಿಯೂ ಗುಪ್ತಪದವು ಮರೆಮಾಚದೆ ಜಾಲದಲ್ಲಿ ಸಾಗುತ್ತದೆ. ಮೂರನೆಯ ಆವೃತ್ತಿಯಲ್ಲಿ ಗೂಢಲಿಪೀಕರಣಕ್ಕೆ ಅವಕಾಶವಿದೆ. ಈ ಕಾರಣದಿಂದ ಏಜೆಂಟ್‌ಗಳನ್ನು ಸಾರ್ವಜನಿಕ ಅಂತರ್ಜಾಲಕ್ಕೆ ತೆರೆದಿಡುವುದಿಲ್ಲ. ಇಲ್ಲಿ ವಿವರಿಸಿದ ರೇಖಾಚಿತ್ರಗಳಲ್ಲಿ ಯಂತ್ರಗಳ ಹಾಗೂ ಮಾರ್ಗಗಳ ಬಳಕೆಯ ಸಂಖ್ಯೆಗಳು ಮಾತ್ರ ಇರುತ್ತವೆ. ಅರ್ಜಿದಾರರ ಹೆಸರು, ವಿಳಾಸ ಅಥವಾ ಅರ್ಜಿಯ ವಿವರ ಅವುಗಳಲ್ಲಿ ಇರುವುದಿಲ್ಲ. ನಿರ್ದಿಷ್ಟ ಅರ್ಜಿಯೊಂದು ಸರ್ವರನ್ನು ತಲುಪಿತ್ತೇ ಎಂಬುದನ್ನು ತಿಳಿಯಲು ಅರ್ಜಿ ತಂತ್ರಾಂಶದ ದಿನಚರಿ ಕಡತವನ್ನು ಪರಿಶೀಲಿಸಬೇಕಾಗುತ್ತದೆ. ದೂರಿನಲ್ಲಿ ಅದನ್ನೂ ನಮೂದಿಸಬಹುದು.