ಇಷಿಯ ಬಿಲ್ಲು

ಬೇಸಗೆ ಕಳೆದು ಮರದ ಎಲೆಗಳು ಬಣ್ಣ ತಿರುಗುವ ವೇಳೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಜಿಂಕೆಯ ಬೇಟೆಗೂ, ನಮ್ಮ ಕಡವೆಯ ಬಳಗಕ್ಕೆ ಸೇರಿದ ಎಲ್ಕ್ ಎಂಬ ಹೆಗ್ಗೊಂಬಿನ ಮೃಗದ ಬೇಟೆಗೂ ಕಾಲ ಕೂಡಿಬರುತ್ತದೆ. ಅಲ್ಲಿನ ಸರ್ಕಾರಗಳು ಇದಕ್ಕೆ ದಿನಗಳನ್ನು ಗೊತ್ತುಮಾಡಿ ಅಪ್ಪಣೆಚೀಟಿಗಳನ್ನು ಕೊಡುವುವು. ಅನೇಕ ಸಂಸ್ಥಾನಗಳಲ್ಲಿ ಕೋವಿಯವರ ಸರದಿಗೆ ಮುಂಚೆ ಬಿಲ್ಲುಗಾರರಿಗೆಂದೇ ಕೆಲವು ವಾರಗಳು ಮೀಸಲಾಗಿರುತ್ತವೆ. ಬಂದೂಕಕ್ಕೆ ಯಾವ ಕೊರತೆಯೂ ಇಲ್ಲದ ದೇಶದಲ್ಲಿ ಇಷ್ಟೊಂದು ಜನ ಬಿಲ್ಲು ಹಿಡಿದು ಕಾಡಿಗೆ ಹೋಗುವುದೇಕೆ, ಈ ವಿದ್ಯೆ ಅವರಿಗೆ ಬಂದುದೆಲ್ಲಿಂದ ಎಂದು ವಿಚಾರಿಸುತ್ತ ಹೋದರೆ, ಆ ಜಾಡು ನಮ್ಮನ್ನು ಒಬ್ಬ ಒಂಟಿ ಮನುಷ್ಯನ ಬಳಿಗೆ ಕರೆದೊಯ್ಯುತ್ತದೆ. ಅವನ ನಿಜವಾದ ಹೆಸರು ಯಾರಿಗೂ ತಿಳಿಯದು.

1911ನೆಯ ಇಸವಿಯ ಆಗಸ್ಟ್ 29ರಂದು, ಕ್ಯಾಲಿಫೋರ್ನಿಯಾದ ಓರೊವಿಲ್ ಎಂಬ ಊರಿನ ಕಸಾಯಿಖಾನೆಯ ಬಳಿ, ಹಸಿವಿನಿಂದ ಸೊರಗಿದ ಒಬ್ಬ ನಡುವಯಸ್ಸಿನ ಮೂಲನಿವಾಸಿಯು ಸಿಕ್ಕಿದನು. ಅವನ ಮಾತು ಯಾರಿಗೂ ಅರ್ಥವಾಗಲಿಲ್ಲ. ಏನು ಮಾಡಬೇಕೆಂದು ತೋರದೆ ಊರಿನ ಅಧಿಕಾರಿಯು ಅವನನ್ನು ಸೆರೆಮನೆಯಲ್ಲಿ ಇರಿಸಿದನು. ವಿಶ್ವವಿದ್ಯಾನಿಲಯದಿಂದ ವಾಟರ್‌ಮನ್ ಎಂಬ ಪಂಡಿತನು ಯಾನ ಜನಾಂಗದ ಶಬ್ದಗಳ ಪಟ್ಟಿಯೊಂದನ್ನು ಹಿಡಿದು ಬಂದು, ಒಂದೊಂದಾಗಿ ಓದುತ್ತ ಕುಳಿತನು. ಬಹಳ ಹೊತ್ತು ಉತ್ತರವಿಲ್ಲ. ಕಡೆಗೆ ಪೈನ್ ಮರಕ್ಕೆ ಆ ಜನರಿಟ್ಟ ‘ಸಿವಿನಿ’ ಎಂಬ ಶಬ್ದವನ್ನು ಉಚ್ಚರಿಸಿ, ಮಂಚದ ಚೌಕಟ್ಟನ್ನು ಬೆರಳಿನಿಂದ ತಟ್ಟಿದಾಗ ಸೆರೆಯಾಳಿನ ಮುಖ ಬೆಳಗಿತು. ಬಿಲ್ಲುಗಾರನೊಬ್ಬನ ಮೌನವು ಒಂದು ಮರದ ಹೆಸರಿನಿಂದ ಒಡೆಯಿತೆಂಬುದು ಆಕಸ್ಮಿಕವೇ ಆದರೂ ಮನಸ್ಸಿಗೆ ಹಿಡಿಸುವ ಸಂಗತಿ. ತನ್ನ ಹೆಸರನ್ನು ತಾನೇ ಹೇಳುವುದು ಆ ಜನಗಳಲ್ಲಿ ಮರ್ಯಾದೆಯಲ್ಲ. ಹೇಳಬೇಕಾದ ಬಂಧುಗಳು ಉಳಿದಿರಲಿಲ್ಲ. ಆದುದರಿಂದ ವಿದ್ವಾಂಸರು ಅವನನ್ನು ‘ಇಷಿ’ ಎಂದು ಕರೆದರು. ಅವನ ಭಾಷೆಯಲ್ಲಿ ಅದಕ್ಕೆ ಮನುಷ್ಯನೆಂದರ್ಥ.

ಇಷಿಯು ಯಾನರ ಒಂದು ಶಾಖೆಯಾದ ಯಾಹಿ ಪಂಗಡದವನು. ಲಾಸೆನ್ ಪರ್ವತದ ಪಡುವಣ ತಪ್ಪಲಿನ ಮಿಲ್ ಕ್ರೀಕ್, ಡೀರ್ ಕ್ರೀಕ್ ಎಂಬ ಹೊಳೆಗಳ ಕಮರಿಗಳು ಅವರ ನಾಡು. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ ಮೇಲೆ ಬಿಳಿಯರು ನೆರೆಯಂತೆ ನುಗ್ಗಿದರು. 1860ರ ದಶಕದಲ್ಲಿಯೂ ಅದರ ಮುಂದೆಯೂ ನಡೆದ ಹತ್ಯಾಕಾಂಡಗಳಲ್ಲಿ ಯಾಹಿಗಳು ಹೆಂಗಸರು ಮಕ್ಕಳೆನ್ನದೆ ನಾಶವಾದರು. ಉಳಿದ ಕೆಲವರು ಕಮರಿಗಳಲ್ಲಿ ಅಡಗಿ ಸುಮಾರು ನಾಲ್ವತ್ತು ವರ್ಷ ಜೀವಿಸಿದರು. ಕಲ್ಲಿನಿಂದ ಕಲ್ಲಿಗೆ ಹಾರಿ ಹೆಜ್ಜೆಯ ಗುರುತನ್ನು ಮರೆಸುವುದು, ಹೊಗೆ ಮೇಲೇಳದಂತೆ ಸಣ್ಣ ಬೆಂಕಿ ಹಚ್ಚುವುದು, ಇದು ಅವರ ದಿನಚರಿ. ಇಂತಹವರಿಗೆ ಸದ್ದಿಲ್ಲದ ಆಯುಧವೊಂದೇ ಗತಿಯಷ್ಟೆ. ಕೋವಿಯ ಒಂದು ಸಪ್ಪಳ ಕೇಳಿದರೆ ಜಿಂಕೆ ಓಡಿಹೋಗುವುದು ಮಾತ್ರವಲ್ಲ, ಮನುಷ್ಯನು ಹುಡುಕಿಕೊಂಡು ಬರುವನು. ಇಷಿಯ ಬೇಟೆಯ ಸಿದ್ಧತೆಯನ್ನು ಓದುವಾಗ ಈ ಎರಡನೆಯ ಭಯವನ್ನು ಮರೆಯಬಾರದು.

1908ರಲ್ಲಿ ಭೂಮಾಪನಕ್ಕಾಗಿ ಬಂದ ತಂಡವೊಂದು ಅವರ ಕಡೆಯ ಬಿಡಾರವನ್ನು ಕಂಡುಹಿಡಿಯಿತು. ಅಲ್ಲಿ ಕಾಯಿಲೆಯ ಮುದುಕಿಯೊಬ್ಬಳಿದ್ದಳು, ಮಿಕ್ಕವರು ಚದರಿಹೋದರು. ಬಂದವರು ಮುದುಕಿಯನ್ನು ಬಿಟ್ಟು, ಬಿಲ್ಲು, ಬಾಣ, ಬುಟ್ಟಿ, ಚರ್ಮದ ಹೊದಿಕೆ ಮೊದಲಾದ ಸಾಮಗ್ರಿಯನ್ನೆಲ್ಲ ನೆನಪಿನ ಪದಾರ್ಥಗಳೆಂದು ಹೊತ್ತುಕೊಂಡು ಹೋದರು. ಚಳಿಗಾಲದ ಹೊಸ್ತಿಲಲ್ಲಿ ಬೇಟೆಗಾರನ ಬಿಲ್ಲನ್ನು ಒಯ್ಯುವುದೆಂದರೆ ಅವನ ಅನ್ನವನ್ನೇ ಒಯ್ದಂತೆ. ಮೂರು ವರ್ಷಗಳ ತರುವಾಯ ಇಷಿಯೊಬ್ಬನೇ ಉಳಿದಿದ್ದನು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಕ್ರೋಬರ್ ಎಂಬ ಮಾನವಶಾಸ್ತ್ರಜ್ಞನ ಆಶ್ರಯದಲ್ಲಿ, ವಸ್ತುಸಂಗ್ರಹಾಲಯವೇ ಅವನ ಮನೆಯಾಯಿತು. ಮೇಣದ ಉರುಳೆಗಳ ಮೇಲೆ ಅವನ ಧ್ವನಿಯನ್ನು ಹಿಡಿದಿಟ್ಟರು. ಪಕ್ಕದಲ್ಲಿಯೇ ವೈದ್ಯವಿದ್ಯಾಲಯ. ಅಲ್ಲಿಗೆ 1912ರಲ್ಲಿ ಶಸ್ತ್ರವೈದ್ಯದ ಅಧ್ಯಾಪಕನಾಗಿ ಬಂದ ಡಾಕ್ಟರ್ ಸ್ಯಾಕ್ಸ್‌ಟನ್ ಪೋಪನು ಇಷಿಗೆ ವೈದ್ಯನೂ, ಸ್ನೇಹಿತನೂ, ಶಿಷ್ಯನೂ ಆದನು. ಇಷಿಯ ಬಿಲ್ವಿದ್ಯೆಯ ವಿಷಯವಾಗಿ ನಮಗೆ ತಿಳಿದಿರುವುದು ಹೆಚ್ಚಾಗಿ ಪೋಪನ ಬರಹದಿಂದ. ಅಳತೆಗಳನ್ನೂ ಸಲಕರಣೆಗಳನ್ನೂ ವೈದ್ಯನ ಕಣ್ಣಿನಿಂದಲೇ ನೋಡಿ ಬರೆದಿದ್ದಾನೆ.

ಇಷಿಯ ಬಿಲ್ಲು ಗಿಡ್ಡವಾದುದು, ಸುಮಾರು 42 ಅಂಗುಲ. ಆದರೆ ಅವನು ಅಂಗುಲವನ್ನು ಎಣಿಸಿದವನಲ್ಲ. ಚಾಚಿದ ಕೈಯ ತುದಿಯಿಂದ ಎದುರು ಸೊಂಟದವರೆಗೆ, ಅದೇ ಅವನ ಗಜಕಡ್ಡಿ. ಬೆಟ್ಟದ ಜುನಿಪರ್ ಮರ ಅವನಿಗೆ ಎಲ್ಲಕ್ಕಿಂತ ಮೆಚ್ಚು. ಜಿಂಕೆಯ ಕಾಲಿನ ನರಗಳನ್ನು ಹಲ್ಲಿನಿಂದ ಅಗಿದು ಎಳೆಎಳೆಯಾಗಿ ಬಿಡಿಸಿ, ಸಾಲ್ಮನ್ ಮೀನಿನ ಚರ್ಮದಿಂದ ತೆಗೆದ ಸರೇಸಿನಿಂದ ಬಿಲ್ಲಿನ ಬೆನ್ನಿಗೆ ಪದರಪದರವಾಗಿ ಅಂಟಿಸುವನು. ಹೆದೆಯೂ ಜಿಂಕೆಯ ನರದ್ದೇ. ಜಿಂಕೆಯನ್ನು ಕೊಲ್ಲುವುದಕ್ಕೆ ಜಿಂಕೆಯೇ ಬಲವನ್ನು ಕೊಡಬೇಕು! ಹೀಗೆ ಸಿದ್ಧವಾದ ಬಿಲ್ಲಿನ ಸೆಳೆತ ಸುಮಾರು 45 ರಾತ್ತಲು. ಬಿಲ್ಲನ್ನು ನಿಲ್ಲಿಸಿ ಇಡಕೂಡದು, ನಿಂತರೆ ಅದು ದುಡಿಯುತ್ತಲೇ ಇದ್ದು ಬಳಲುತ್ತದೆ. ಯಾರೂ ಅದನ್ನು ದಾಟಕೂಡದು. ಇವು ಅವನ ನಿಯಮಗಳು. ಆಯುಧಪೂಜೆಯ ನಾಡಿನವರಾದ ನಮಗೆ ಇದು ವಿಚಿತ್ರವಾಗಿ ತೋರಲಾರದು. ಬಿಡುವಾದಾಗ ಬಿಲ್ಲಿನ ಒಂದು ತುದಿಯನ್ನು ತೆರೆದ ಬಾಯಿಗೆ ಒತ್ತಿ ಹೆದೆಯನ್ನು ಮಿಡಿದು ಅದನ್ನೇ ವಾದ್ಯವಾಗಿಯೂ ಮಾಡಿಕೊಳ್ಳುತ್ತಿದ್ದನು.

ಬಾಣದ ಕೆಲಸ ಇದಕ್ಕಿಂತಲೂ ನಾಜೂಕು. ವಿಚ್‌ಹೇಜಲ್ ಎಂಬ ಪೊದೆಯ ನೇರವಾದ ಕಡ್ಡಿಗಳನ್ನು ಕಡಿದು, ಒಣಗಿಸಿ, ಕೆಂಡದ ಮೇಲೆ ಕಾಯಿಸಿ ಡೊಂಕನ್ನು ತಿದ್ದಿ, ಎರಡು ಮರಳುಗಲ್ಲುಗಳ ನಡುವೆ ತಿಕ್ಕಿ ನುಣುಪು ಮಾಡುವನು. ಮುಂತುದಿಗೆ ತೂಕದ ಮರದ ತುಂಡನ್ನು ಕೂಡಿಸಿ, ಹಿಂತುದಿಗೆ ಮೂರು ಗರಿಗಳನ್ನು ನರದಿಂದ ಬಿಗಿಯುವನು. ಅಲಗು ಆಬ್ಸಿಡಿಯನ್ ಎಂಬ ಜ್ವಾಲಾಮುಖಿಯ ಗಾಜುಗಲ್ಲಿನದು. ಜಿಂಕೆಗೊಂಬಿನ ಮೊನೆಯಿಂದ ಒತ್ತಿ ಚಕ್ಕೆ ಚಕ್ಕೆಯಾಗಿ ಹಾರಿಸಿದರೆ ಸುಮಾರು ಅರ್ಧ ಗಂಟೆಯಲ್ಲಿ ಅಲಗು ಸಿದ್ಧ. ಬಿಳಿಯರು ಎಸೆದ ಸೀಸೆಯ ಗಾಜೂ ಅವನಿಗೆ ಆಗುತ್ತಿತ್ತು. ಗುಂಡು ಅಪ್ಪಳಿಸಿ ಕೊಲ್ಲುತ್ತದೆ. ಬಾಣವು ಕತ್ತರಿಸಿ, ರಕ್ತವನ್ನು ಹರಿಸಿ ಕೊಲ್ಲಬೇಕು. ಆದ್ದರಿಂದ ಹರಿತವೇ ಅದರ ಪ್ರಾಣ. ಪೋಪನು ಪೆಟ್ಟಿಗೆಯೊಂದರಲ್ಲಿ ಹಸುವಿನ ಪಿತ್ತಜನಕಾಂಗವನ್ನು ತುಂಬಿ, ಜಿಂಕೆಯ ತೊಗಲನ್ನು ಹೊದಿಸಿ, ಬಾಣಗಳನ್ನು ಎಸೆದು ಪರೀಕ್ಷಿಸಿದನು. ಉಕ್ಕಿನ ಮೊನೆಗಿಂತ ಕಲ್ಲಿನ ಮೊನೆಯೇ ಆಳವಾಗಿ ಇಳಿಯಿತು.

ಇಷ್ಟೆಲ್ಲ ಆದರೂ ಬಿಲ್ಲುಬಾಣಗಳು ಸಿದ್ಧತೆಯ ಅರ್ಧ ಭಾಗ ಮಾತ್ರ. ಮಿಕ್ಕ ಅರ್ಧ ಬೇಟೆಗಾರನ ದೇಹವೇ. ಬೇಟೆಯ ಹಿಂದಿನ ದಿನ ಇಷಿಯು ಮೀನು ತಿನ್ನುತ್ತಿರಲಿಲ್ಲ, ಹೊಗೆಸೊಪ್ಪನ್ನು ಸೇದುತ್ತಿರಲಿಲ್ಲ. ಆ ವಾಸನೆಗಳು ಮೃಗಕ್ಕೆ ಬಲು ದೂರದಿಂದ ಗೊತ್ತಾಗುವುವು. ನಸುಕಿನಲ್ಲಿ ಎದ್ದು, ಹೊಳೆಯಲ್ಲಿ ಮಿಂದು, ಸುವಾಸನೆಯ ಸೊಪ್ಪಿನಿಂದ ಮೈಯನ್ನು ಉಜ್ಜಿಕೊಂಡು, ಬಾಯನ್ನು ಮುಕ್ಕಳಿಸಿ, ನೀರನ್ನು ಮಾತ್ರ ಕುಡಿದು ಉಪವಾಸವಾಗಿ ಹೊರಡುವನು. ವ್ರತ ಹಿಡಿದವನ ಆಚಾರವೆಂದು ತೋರುತ್ತದೆಯಲ್ಲವೆ? ಆದರೆ ಪ್ರತಿಯೊಂದಕ್ಕೂ ಕಾರಣವುಂಟು. ಅಂಗಿಯನ್ನೂ ಪಾದರಕ್ಷೆಯನ್ನೂ ಬಿಟ್ಟು ಬರಿಯ ಲಂಗೋಟಿಯಲ್ಲಿ ಹೋಗುವುದೇಕೆಂದರೆ, ಬಟ್ಟೆ ಪೊದೆಗೆ ತಗುಲಿ ಸದ್ದು ಮಾಡುವುದು; ಬರಿಮೈಗಾದರೆ ಮುಳ್ಳು ಸೋಕಿದೊಡನೆ ಚರ್ಮವೇ ಎಚ್ಚರ ಹೇಳುವುದು. ಕೆಲವೊಮ್ಮೆ ಹುಲ್ಲು ತುಂಬಿದ ಜಿಂಕೆಯ ತಲೆಯನ್ನು ಧರಿಸಿ ಪೊದೆಯ ಮೇಲೆ ಇಣುಕಿ ತೋರಿಸುವನು. ಎಲೆಯನ್ನು ಮಡಿಸಿ ತುಟಿಗಳ ನಡುವೆ ಇಟ್ಟು ಮರಿಯ ಕೂಗನ್ನು ಕೂಗಿದರೆ ತಾಯಿಜಿಂಕೆ ಹುಡುಕುತ್ತ ಬರುವುದು. ಕರುಣೆಯುಳ್ಳವರಿಗೆ ಈ ಕೊನೆಯ ಉಪಾಯ ಕಹಿಯಾಗಿ ತೋರಬಹುದು. ಹಸಿದವನ ಬೇಟೆಯನ್ನು ಉಂಡವನ ವಿನೋದದ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲವೆಂದು ನನ್ನ ಮತ.

ಹೆದೆಯನ್ನು ಅವನು ಯೂರೋಪಿಯನ್ನರಂತೆ ಮೂರು ಬೆರಳುಗಳಿಂದ ಸೆಳೆಯದೆ ಬಾಗಿಸಿದ ಹೆಬ್ಬೆರಳಿನಿಂದ ಸೆಳೆಯುತ್ತಿದ್ದನು. ಏಷ್ಯಾ ಖಂಡದ ಬಹುಭಾಗದಲ್ಲಿ ಇದ್ದ ಪದ್ಧತಿಯೂ ಹೆಬ್ಬೆರಳಿನದೇ. ದ್ರೋಣನು ಏಕಲವ್ಯನಿಂದ ಹೆಬ್ಬೆರಳನ್ನೇ ಏಕೆ ಕೇಳಿದನೆಂಬುದು ಇದನ್ನು ಬಲ್ಲವರಿಗೆ ಥಟ್ಟನೆ ಹೊಳೆಯುತ್ತದೆ. ನಿಲ್ಲಿಸಿದ ಗುರಿಹಲಗೆಯ ಮುಂದೆ ಇಷಿಯು ಅಷ್ಟೇನೂ ಜಾಣನಲ್ಲ. ಅಲ್ಲಿ ಶಿಷ್ಯನು ಬೇಗನೆ ಗುರುವನ್ನು ಮೀರಿಸಿದನು. ಪೊದೆಯಲ್ಲಿ ಕುಕ್ಕರಿಸಿ, ಇಪ್ಪತ್ತು ಗಜದ ಒಳಗೆ ಮೃಗವು ಬರುವವರೆಗೆ ಕಾಯುವ ವಿದ್ಯೆಯೇ ಬೇರೆ.

1914ರ ಬೇಸಗೆಯಲ್ಲಿ ಕ್ರೋಬರ್, ವಾಟರ್‌ಮನ್, ಪೋಪ್ ಮತ್ತು ಅವನ ಮಗ ಇಷಿಯೊಡನೆ ಡೀರ್ ಕ್ರೀಕಿಗೆ ಹೋದರು. ಅವನಿಗೆ ಮೊದಲು ಇಷ್ಟವಿರಲಿಲ್ಲ. ಅದು ಸತ್ತವರ ನಾಡು. ಹೋದ ಮೇಲೆ ಮಾತ್ರ ಸ್ಥಳಗಳನ್ನೆಲ್ಲ ಹೆಸರು ಹೇಳಿ ತೋರಿಸಿದನು, ಹೊಂಚುಹಾಕುವುದನ್ನೂ ಕೂಗುವುದನ್ನೂ ಮಾಡಿ ತೋರಿಸಿದನು.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಇಷಿಗಿಂತ ಮುಂಚೆ ಬಿಳಿಯರಲ್ಲಿ ಬಿಲ್ಲುಬೇಟೆಯವರೇ ಇರಲಿಲ್ಲವೆಂದಲ್ಲ. ಮಾರಿಸ್ ಥಾಂಪ್ಸನ್ನನು 1878ರಲ್ಲಿಯೇ ಅದರ ಮೇಲೆ ಒಂದು ಪುಸ್ತಕವನ್ನು ಪ್ರಕಟಿಸಿದ್ದನು. ಆದರೆ ಪೋಪನು 1923ರಲ್ಲಿ ಹೊರತಂದ ಬಿಲ್ಲುಬೇಟೆಯ ಗ್ರಂಥವು ಒಂದು ತಲೆಮಾರನ್ನೇ ಕಾಡಿಗೆಳೆಯಿತು. 1934ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನವು ಬಿಲ್ಲುಗಾರರಿಗೆ ಪ್ರತ್ಯೇಕವಾದ ಜಿಂಕೆಬೇಟೆಯ ಅವಧಿಯನ್ನು ಏರ್ಪಡಿಸಿತು. 1969ರಲ್ಲಿ ಮಿಸೂರಿಯ ಅಲೆನ್ ಎಂಬುವನಿಗೆ ರಾಟೆಗಳುಳ್ಳ ಬಿಲ್ಲಿನ ಹಕ್ಕುಪತ್ರ ದೊರೆಯಿತು. ಪೂರ್ತಿ ಸೆಳೆದ ಮೇಲೆ ಅದರ ಭಾರ ಬಹಳಮಟ್ಟಿಗೆ ಇಳಿಯುವುದರಿಂದ ಬೇಟೆಗಾರನು ನಿಶ್ಚಿಂತೆಯಾಗಿ ಗುರಿನೋಡಬಹುದು. ಈಗ ಎಲ್ಕ್ ಬೇಟೆಗೆ ಹೋಗುವವನು ವಾಸನೆಯಿಲ್ಲದ ಸಾಬೂನಿನಿಂದ ಸ್ನಾನಮಾಡುತ್ತಾನೆ, ಗಾಳಿಯ ದಿಕ್ಕನ್ನು ತಿಳಿಯಲು ಚಿಟಿಕೆ ಪುಡಿಯನ್ನು ಹಾರಿಸುತ್ತಾನೆ, ಕೊಳವೆಯನ್ನು ಊದಿ ಗಂಡು ಮೃಗದ ಕೂಗನ್ನು ಕೂಗುತ್ತಾನೆ. ಹೊಳೆಯ ಸ್ನಾನ, ಸೊಪ್ಪು, ತುಟಿಯ ಎಲೆ, ಇವೆಲ್ಲ ಅಂಗಡಿಯ ಕಪಾಟನ್ನು ಸೇರಿವೆ. ಸೇರದೆ ಉಳಿದುದು ಆ ಬಿಲ್ಲಿಗೂ ಕಣಿವೆಗೂ ಹೆಸರಿಟ್ಟ ಭಾಷೆ. ಮೇಣದ ಉರುಳೆಗಳಲ್ಲಿ ಅದರ ಧ್ವನಿಯಿದೆ. ಅದನ್ನು ಮಾತೃಭಾಷೆಯಾಗಿ ಆಡುವವರು ಇಷಿಯ ತರುವಾಯ ಒಬ್ಬರೂ ಇಲ್ಲ.

ಇಷಿಯು 1916ರ ಮಾರ್ಚ್ 25ರಂದು ಕ್ಷಯರೋಗದಿಂದ ತೀರಿಕೊಂಡನು. ಸ್ನೇಹಿತರು ಅವನ ಶವದ ಪೆಟ್ಟಿಗೆಯಲ್ಲಿ ಒಂದು ಬಿಲ್ಲು, ಐದು ಬಾಣಗಳು, ಓಕ್ ಮರದ ಬೀಜದ ಹಿಟ್ಟು, ಹೊಗೆಸೊಪ್ಪು ಮತ್ತು ಕೆಲವು ಆಬ್ಸಿಡಿಯನ್ ಚಕ್ಕೆಗಳನ್ನು ಇಟ್ಟರು. ದೇಹವನ್ನು ಕೊಯ್ಯಬಾರದೆಂದು ದೂರದ ನ್ಯೂಯಾರ್ಕಿನಿಂದ ಕ್ರೋಬರ್ ಬರೆದ ಕಾಗದ ತಡವಾಗಿ ತಲಪಿತು. ಅಷ್ಟರಲ್ಲಿ ಮಿದುಳನ್ನು ತೆಗೆದಿದ್ದರು. ಮರುವರ್ಷ ಅದನ್ನು ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳುಹಿಸಿದರು. 2000ದ ಇಸವಿಯಲ್ಲಿ ಅದು ಯಾನರ ಸಂಬಂಧಿಗಳಾದ ಮೂಲನಿವಾಸಿಗಳ ಕೈಸೇರಿತು. ಅವರು ಅದನ್ನು ಚಿತಾಭಸ್ಮದೊಂದಿಗೆ ಅವನ ಬೆಟ್ಟದ ಸೀಮೆಯಲ್ಲಿ ಹೂಳಿದರು. ಸ್ಥಳವು ಯಾವುದೆಂಬುದನ್ನು ಹೊರಗಿನವರಿಗೆ ತಿಳಿಸಲಿಲ್ಲ.