ಕಟ್ಟೆಯ ಹಾಸಗಲ್ಲಿನ ಮೇಲಿನ ಗೆರೆಗಳು

ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಹಳೆಯ ಹಳ್ಳಿಗಳಲ್ಲಿ ಅಗಸಿ ದಾಟಿ ಒಳಬಂದವರಿಗೆ ಮೊದಲು ಎದುರಾಗುವುದು ಹೆಚ್ಚಾಗಿ ಹನುಮಪ್ಪನ ಗುಡಿ, ಅದರ ಮುಂದೊಂದು ಬೇವಿನ ಮರ, ಮರದ ಸುತ್ತ ಹಾಸಗಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಜನ ಇಲ್ಲದ ಹೊತ್ತಿನಲ್ಲಿ ನೋಡಿದರೆ ಕೆಲವು ಕಲ್ಲುಗಳ ಮೇಲೆ ಗೆರೆಗಳು ಕಾಣುತ್ತವೆ. ಒಂದು ಕಡೆ ಐದೈದು ಮನೆಯ ಚೌಕ. ಇನ್ನೊಂದು ಕಡೆ ಅಡ್ಡಗೆರೆ ಎಳೆದ ತ್ರಿಕೋನ. ಮತ್ತೊಂದು ಕಡೆ ಒಂದರೊಳಗೊಂದು ಕೂತ ಮೂರು ಚೌಕಗಳು. ಕೂತವರ ಧೋತರ ಉಜ್ಜಿ ಉಜ್ಜಿ ಗೆರೆಗಳು ನುಣುಪಾಗಿರುತ್ತವೆ. ಶಾಸನದ ಕಲ್ಲಾದರೆ ಯಾರಾದರೂ ಅಚ್ಚು ತೆಗೆದುಕೊಂಡು ಹೋಗುತ್ತಾರೆ. ಈ ಗೆರೆಗಳನ್ನು ಓದಲು ಯಾರೂ ಬರುವುದಿಲ್ಲ.

ಆದರೆ ಇವೂ ಬರವಣಿಗೆಯೇ. ಚೌಕಾಬಾರ, ಹುಲಿ-ಕುರಿ, ಸಾಲುಮನೆ ಎಂಬ ಆಟಗಳ ಹಲಗೆಗಳಿವು. ಮನೆಯೊಳಗೆ ಆಡುವ ಪಗಡೆ ಮತ್ತು ಅಳಗುಳಿಮಣೆಯನ್ನೂ ಸೇರಿಸಿದರೆ ಒಂದೇ ಮನೆತನದ ಐದು ಮಕ್ಕಳಂತೆ ಕಾಣುತ್ತವೆ. ಐದರಲ್ಲಿ ಯಾವುದು ಹೆಚ್ಚು ಎಂಬ ವಾದ ಕಟ್ಟೆಯಷ್ಟೇ ಹಳೆಯದಿರಬೇಕು.

ಮನೆಮಾತಿನ ಮತ ಕೇಳಿದರೆ ಗೆಲ್ಲುವುದು ಚೌಕಾಬಾರ. ಊರಿಗೊಂದು ಹೆಸರು, ಮನೆಗೊಂದು ನಿಯಮವಿದ್ದರೂ ಆಟದ ಮೈಕಟ್ಟು ಒಂದೇ. ಇಪ್ಪತ್ತೈದು ಮನೆ, ನಾಲ್ಕು ಬದಿಯ ನಡುಮನೆಗಳಿಗೆ ಕತ್ತರಿ ಗುರುತು, ಅವು ನಾಲ್ವರ ಸ್ವಂತ ಕಟ್ಟೆಗಳು, ಅಲ್ಲಿ ಕೂತ ಕಾಯನ್ನು ಯಾರೂ ಹೊಡೆಯುವಂತಿಲ್ಲ. ನಾಲ್ಕು ಕವಡಿಗಳನ್ನು ಚೆಲ್ಲಿದಾಗ ಬಾಯಿ ಮೇಲಾಗಿ ಎಷ್ಟು ಬಿದ್ದವೋ ಅಷ್ಟು ನಡೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಎಂಟು. ಈ ಎರಡಕ್ಕೂ ಇನ್ನೊಂದು ಸಲ ಚೆಲ್ಲುವ ಭಾಗ್ಯ. ಕವಡಿ ಇಲ್ಲದಿದ್ದರೆ ಹುಣಸೆ ಬೀಜದ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದರಾಯಿತು. ಎರಡು ಬದಿಯೂ ಸಮನಾಗಿ ಬೀಳುತ್ತವೆ ಎಂದು ಹಿಡಿದರೆ ಹದಿನಾರು ಸಲಕ್ಕೊಮ್ಮೆ ಚೌಕ, ಹದಿನಾರು ಸಲಕ್ಕೊಮ್ಮೆ ಎಂಟು ಬೀಳಬೇಕು. ಆದರೆ ಕವಡಿಗೆ ತನ್ನದೇ ಓಲುವೆ ಇರುತ್ತದೆ. ಹಳೆಯ ಕವಡಿಗಳನ್ನು ಮನೆಯ ಹಿರಿಯಳು ಬೇರೆಯವರ ಕೈಗೆ ಕೊಡದಿರುವುದಕ್ಕೆ ಅದೂ ಒಂದು ಕಾರಣವಿರಬಹುದು.

ಕಾಯಿ ಹೊರಸುತ್ತಿನಲ್ಲಿ ಹದಿನೈದು ಮನೆ ನಡೆದು, ಒಳಸುತ್ತಿಗೆ ಇಳಿದು ದಿಕ್ಕು ಬದಲಿಸಿ ಎಂಟು ಮನೆ ತಿರುಗಿ, ನಡುವಿನ ಮನೆಯಲ್ಲಿ ಹಣ್ಣಾಗುತ್ತದೆ. ಒಟ್ಟು ಇಪ್ಪತ್ತನಾಲ್ಕು ಹೆಜ್ಜೆ. ಇಷ್ಟೇ ಆಗಿದ್ದರೆ ಅದು ಬರಿಯ ಓಟವಾಗುತ್ತಿತ್ತು. ಆಟಕ್ಕೆ ಜೀವ ಕೊಡುವುದು ಇನ್ನೊಂದು ನಿಯಮ: ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದವನಿಗೆ ಒಳಮನೆಗೆ ಪ್ರವೇಶವಿಲ್ಲ. ಎಷ್ಟೇ ಸಾಧುವಾಗಿ ಆಡಬೇಕೆಂದುಕೊಂಡವರೂ ಒಮ್ಮೆ ಕೈ ಎತ್ತಲೇಬೇಕು. ಸೊಸೆ ಅತ್ತೆಯ ಕಾಯಿ ಹೊಡೆದು ನಗಬಹುದಾದ ಸ್ಥಳಗಳು ಹಳೆಯ ಕಾಲದ ಮನೆಯಲ್ಲಿ ಹೆಚ್ಚು ಇರಲಿಲ್ಲ. ಶಿವರಾತ್ರಿಯ ಜಾಗರಣೆಗೆ ಇದಕ್ಕಿಂತ ಒಳ್ಳೆಯ ಸಂಗಾತಿಯೂ ಇಲ್ಲ. ತೆಲುಗರ ಅಷ್ಟಾ ಚಮ್ಮಾ ಇದರ ಅಕ್ಕತಂಗಿ.

ಪಗಡೆ ಇದೇ ಕುಲದ ಶ್ರೀಮಂತ. ಪ್ಲಸ್ ಚಿಹ್ನೆಯಾಕಾರದ ಹಾಸು, ನಾಲ್ಕು ತೋಳು, ಒಂದೊಂದು ತೋಳಿನಲ್ಲಿ ಮೂರು ಸಾಲು ಎಂಟು ಮನೆ, ಕವಡಿಯ ಬದಲು ಉದ್ದನೆಯ ದಾಳಗಳು. ಹಾಸನ್ನು ಬಟ್ಟೆಯಲ್ಲಿ ಹೊಲಿಯುತ್ತಿದ್ದರು. ಆಟ ಮುಗಿದ ಮೇಲೆ ಮಡಿಚಿ ಪೆಟ್ಟಿಗೆಗೆ ಸೇರಿಸಬಹುದು. ಬಟ್ಟೆ ಹರಿದರೆ ಗುರುತೂ ಹೋಯಿತು. ನವಲಗುಂದದ ಹೆಂಗಸರು ಮಾತ್ರ ತಾವು ನೇಯುವ ಜಮಖಾನೆಯಲ್ಲಿ ಪಗಡೆಯ ನಕ್ಷೆಯನ್ನೇ ಉಳಿಸಿಕೊಂಡು ಬಂದಿದ್ದಾರೆ.

ಪಗಡೆಗೆ ಅಂಟಿದ ಕಳಂಕವೊಂದುಂಟು, ಅದಕ್ಕೂ ಈ ಸೀಮೆಗೂ ನಂಟು ಇದೆ. ಕ್ರಿ.ಶ. 949ರಲ್ಲಿ ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ತನ್ನ ‘ಗದಾಯುದ್ಧ’ದಲ್ಲಿ ಹದಿನೆಂಟು ದಿನಗಳ ಯುದ್ಧದ ಕೊನೆಯ ದಿನವನ್ನು ಹಿಡಿದು, ಸಿಂಹ ಹಿಂತಿರುಗಿ ನೋಡಿದಂತೆ ಹಿಂದಿನದನ್ನೆಲ್ಲ ಕಾಣಿಸುತ್ತಾನೆ. ಹಾಗೆ ಹಿಂತಿರುಗಿದಾಗ ಕಣ್ಣಿಗೆ ಬೀಳುವುದು ಜೂಜಿನ ಸಭೆ, ದ್ರೌಪದಿಯ ಮುಡಿ, ಭೀಮನ ಪ್ರತಿಜ್ಞೆ. ದಾಳ ಬಿದ್ದ ರೀತಿಗೆ ತೊಡೆ ಮುರಿದ ರೀತಿ ಉತ್ತರ. ಕಥೆ ಕೇಳಿ ಬೆಳೆದ ಮನೆಗಳಲ್ಲಿ ಪಗಡೆಯ ಹಾಸನ್ನು ಬಿಚ್ಚುವಾಗ ಹಿರಿಯರು ಒಂದು ಮಾತು ಎಚ್ಚರಿಕೆ ಹೇಳುವುದು ಸಹಜ. ಅದೇ ವಂಶದ ಚೌಕಾಬಾರಕ್ಕೆ ಆ ಶಾಪ ತಟ್ಟಲಿಲ್ಲ. ಪಣಕ್ಕೆ ಇಡಲು ಅಲ್ಲಿ ಹುಣಸೆ ಬೀಜಕ್ಕಿಂತ ಹೆಚ್ಚಿನದೇನೂ ಇರಲಿಲ್ಲ.

ಸಾಲುಮನೆಯ ಮಾತು ಬೇಗ ಮುಗಿಯುತ್ತದೆ. ಮೂರು ಚೌಕ, ಇಪ್ಪತ್ತನಾಲ್ಕು ಬಿಂದು, ಒಬ್ಬೊಬ್ಬರಿಗೆ ಒಂಬತ್ತು ಕಾಯಿ. ಮೂರು ಕಾಯಿ ಸಾಲಾದರೆ ಎದುರಾಳಿಯದೊಂದು ಹಾರಿತು. ಯುರೋಪಿನ ಇಗರ್ಜಿಗಳ ಕಲ್ಲುಗಳ ಮೇಲೂ ಇದೇ ಚಿತ್ರವಿದೆ. 1993ರಲ್ಲಿ ಸ್ವಿಟ್ಜರ್ಲೆಂಡಿನ ರಾಲ್ಫ್ ಗ್ಯಾಸರ್ ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಈ ಆಟ ಸಮನಾಗಿಯೇ ಮುಗಿಯುತ್ತದೆಂದು ತೋರಿಸಿದ. ಅಳಗುಳಿಮಣೆಗೆ ಹದಿನಾಲ್ಕು ಕುಳಿಯ ಮರದ ಮಣೆ ಬೇಕು. ಅದು ಹೆಂಗಸರ ಪಡಸಾಲೆಯ ಆಟ, ಎಣಿಕೆಯ ಆಟ. ಕೊನೆಯ ಕುಳಿಯಲ್ಲಿ ಎಷ್ಟು ಬೀಜ ಬೀಳುತ್ತದೆಂದು ಕೈಯಿಟ್ಟ ಕ್ಷಣದಲ್ಲೇ ಹೇಳಬಲ್ಲ ಅಜ್ಜಿಯರ ಮುಂದೆ ಶಾಲೆಯ ಗಣಿತ ಸಪ್ಪೆ.

ಇನ್ನುಳಿದದ್ದು ಹುಲಿ-ಕುರಿ. ಐದರಲ್ಲಿ ಶ್ರೇಷ್ಠ ಯಾವುದೆಂದು ಒಂದೇ ಮತ ಹಾಕಬೇಕಾದರೆ ಅದು ಇದಕ್ಕೇ ಸಲ್ಲಬೇಕು. ತುದಿಯಲ್ಲೊಂದು ಬಿಂದು, ಅಲ್ಲಿಂದ ಇಳಿದ ಗೆರೆಗಳು, ಅವನ್ನು ಕತ್ತರಿಸುವ ಅಡ್ಡಗೆರೆಗಳು. ಬಹಳ ಕಡೆ ಒಟ್ಟು ಇಪ್ಪತ್ತಮೂರು ಮನೆ, ಮೂರು ಹುಲಿ, ಹದಿನೈದು ಕುರಿ. ಕವಡಿಯಿಲ್ಲ, ದಾಳವಿಲ್ಲ, ಹಣೆಬರಹವನ್ನು ದೂರಲು ಅವಕಾಶವಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಎರಡು ಪಕ್ಷಗಳೂ ಸಮವಲ್ಲ. ಚದುರಂಗದಲ್ಲಿ ಎರಡು ಕಡೆಗೂ ಅಷ್ಟೇ ಆನೆ, ಅಷ್ಟೇ ಕುದುರೆ. ಇಲ್ಲಿ ಹುಲಿ ಜಿಗಿದು ತಿನ್ನಬಲ್ಲದು, ಕುರಿ ತಿನ್ನಲಾರದು. ಕುರಿಗಳನ್ನು ಒಂದೊಂದಾಗಿ ಇಳಿಸಬೇಕು. ಹದಿನೈದೂ ಇಳಿಯುವವರೆಗೆ ಇಳಿದ ಕುರಿ ಕದಲುವಂತಿಲ್ಲ. ಅಷ್ಟರಲ್ಲಿ ಹುಲಿ ನಾಲ್ಕೈದನ್ನು ಮುಗಿಸಿರುತ್ತದೆ.

ಹಾಗಿದ್ದರೂ ಪಳಗಿದ ಆಟಗಾರ ಕುರಿಗಳನ್ನೇ ಕೇಳಿ ತೆಗೆದುಕೊಳ್ಳುತ್ತಾನೆ. ಹುಲಿ ಜಿಗಿಯಲು ಕುರಿಯ ಬೆನ್ನ ಹಿಂದಿನ ಮನೆ ಬರಿದಾಗಿರಬೇಕು. ಅದನ್ನು ಇನ್ನೊಂದು ಕುರಿ ತುಂಬಿದರೆ ಹುಲಿಯ ಹಲ್ಲು ಕಿತ್ತಂತೆ. ಆದ್ದರಿಂದ ಗೆರೆಯ ತುದಿಯ ಮನೆಗಳನ್ನು ಮೊದಲು ಹಿಡಿದು, ಅಲ್ಲಿಂದ ಒಂದಕ್ಕೊಂದು ಆತುಕೊಂಡು ಒಳಗೆ ಬರುವುದು ಕುರಿಯ ದಾರಿ. ಗೆಲುವೆಂದರೆ ಹುಲಿಯನ್ನು ಕೊಲ್ಲುವುದಲ್ಲ, ಅದಕ್ಕೆ ಹೆಜ್ಜೆಯಿಡಲು ತಾವಿಲ್ಲದಂತೆ ಮಾಡುವುದು. ನೇಪಾಳದವರ ಬಾಘ್‌ಚಾಲ್ ಆಟದಲ್ಲಿ ನಾಲ್ಕು ಹುಲಿ, ಇಪ್ಪತ್ತು ಆಡು. ಹಲಗೆ ಚೌಕ, ತರ್ಕ ಇದೇ. ಕುರಿ ಮೇಯಿಸುವವರು ಹೆಚ್ಚಾಗಿರುವ ಕೃಷ್ಣಾ-ಘಟಪ್ರಭೆಯ ಬಯಲಿನಲ್ಲಿ ಈ ಆಟದ ಕಾಯಿಗಳ ಹೆಸರನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ಈ ಗೆರೆಗಳ ವಯಸ್ಸೆಷ್ಟು? ಇಲ್ಲಿ ಅವಸರ ಕೂಡದು. ಕಲ್ಲು ಎಂಟನೆಯ ಶತಮಾನದ್ದಾದರೆ ಅದರ ಮೇಲಿನ ಆಟದ ಗೆರೆಯೂ ಎಂಟನೆಯ ಶತಮಾನದ್ದೇ ಎಂದು ಹೇಳುವ ಉತ್ಸಾಹಿಗಳುಂಟು. ಗುಡಿ ಕಟ್ಟಿಸಿದ ರಾಣಿಯ ಕಾಲದಲ್ಲೂ ಕೊರೆದಿರಬಹುದು, ಸಾವಿರ ವರ್ಷದ ನಂತರ ಮಳೆಗೆ ಒಳಗೆ ಬಂದು ಕೂತ ದನಗಾಹಿಯೂ ಕೊರೆದಿರಬಹುದು. ಹಂಪಿಯ ಹಾಸುಗಲ್ಲುಗಳ ಮೇಲಿರುವ ಇಂಥ ಹಲಗೆಗಳನ್ನು ಸ್ವೀಡನ್ನಿನ ಪುರಾತತ್ವ ವಿದುಷಿ ಎಲ್ಕೆ ರೋಜರ್ಸ್‌ಡಾಟರ್ ಒಂದೊಂದಾಗಿ ದಾಖಲಿಸಿ ಅಭ್ಯಾಸ ಮಾಡಿದ್ದಾರೆ. ಅಲ್ಲಿ ಮಂಟಪಗಳಲ್ಲಿ, ಬಾಗಿಲ ಬಳಿ, ಜನ ಕಾದು ಕೂರುವ ಎಡೆಗಳಲ್ಲಿ ಗೆರೆಗಳಿವೆ. ಕಾಲ ಹೇಳದಿದ್ದರೂ ಅವು ಒಂದು ಸಂಗತಿಯನ್ನು ಹೇಳುತ್ತವೆ: ಇಲ್ಲಿ ಜನ ನಿಂತು ಹೋಗಲಿಲ್ಲ, ಕೂತರು.

ಅರಸರ ಆಟಗಳಿಗೆ ಈ ತೊಂದರೆಯಿಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚದುರಂಗಕ್ಕೂ ದಾಳದಾಟಗಳಿಗೂ ಪ್ರಕರಣಗಳಿವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಗಂಜೀಫಾ ಎಲೆಗಳನ್ನು, ಕುದುರೆ ನಡೆಯ ಸಮಸ್ಯೆಗಳನ್ನು ಕಟ್ಟಿ, ‘ಶ್ರೀತತ್ವನಿಧಿ’ಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳಿಗೆ ಜಾಗ ಕೊಟ್ಟರು. ಅವರ ಒಂದು ಗಂಜೀಫಾ ಕಟ್ಟಿನಲ್ಲಿ 360 ಎಲೆಗಳು. ಅಷ್ಟು ಎಲೆಗಳನ್ನು ಕೈಯಲ್ಲಿ ಹಿಡಿದು ಆಡಲು ಅರಮನೆಯ ಪುರುಸೊತ್ತೇ ಬೇಕು. ಅರಸರ ಆಟಗಳು ಪುಸ್ತಕದಲ್ಲಿ ಉಳಿದವು, ಆಡುವವರು ಇಲ್ಲವಾದರು. ಕಟ್ಟೆಯ ಆಟಗಳಿಗೆ ಕರ್ತೃವೂ ಇಲ್ಲ, ಪುಸ್ತಕವೂ ಇಲ್ಲ, ಆಡುವವರಿಂದಲೇ ಉಳಿದವು.

ಹಾಗೆ ಉಳಿದದ್ದಕ್ಕೆ ಈಗ ಎರಡು ಕಡೆಯಿಂದ ಪೆಟ್ಟು. ಒಂದು, ಜೀರ್ಣೋದ್ಧಾರ. ಭಕ್ತರು ಪ್ರೀತಿಯಿಂದ ಪಟ್ಟಿ ಎತ್ತಿ ಗುಡಿಗೆ ನುಣುಪು ಗ್ರಾನೈಟ್ ಹಾಸುತ್ತಾರೆ, ಹಳೆಯ ಹಾಸಗಲ್ಲು ಚರಂಡಿಯ ಮೇಲಿನ ಮುಚ್ಚಳವಾಗುತ್ತದೆ. ಇನ್ನೊಂದು, ನೀರು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನಲ್ಲಿ 519.6 ಮೀಟರ್‌ವರೆಗೆ ನೀರು ನಿಲ್ಲತೊಡಗಿದ ಮೇಲೆ ಬೀಳಗಿ, ಬಾಗಲಕೋಟೆ ತಾಲ್ಲೂಕುಗಳ ಹತ್ತಾರು ಹಳ್ಳಿಗಳು, ಬಾಗಲಕೋಟೆ ಪಟ್ಟಣದ ತಗ್ಗಿನ ಭಾಗ ಹಿನ್ನೀರಿನ ಪಾಲಾದವು. ಮಟ್ಟವನ್ನು 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಒಪ್ಪಿತು. ಮುಳುಗಡೆಯ ಪರಿಹಾರದ ಪಟ್ಟಿಯಲ್ಲಿ ಮನೆಗೆ, ಬಾವಿಗೆ, ಗಿಡಮರಕ್ಕೆ ಬೆಲೆ ಕಟ್ಟಲಾಗುತ್ತದೆ. ಹಾಸಗಲ್ಲಿನ ಮೇಲಿನ ತ್ರಿಕೋನಕ್ಕೆ ಬೆಲೆ ಕಟ್ಟುವ ಕಾಲಂ ಅಲ್ಲಿಲ್ಲ.

ದೇವರನ್ನು ಹೊತ್ತು ತಂದವರು ಕಟ್ಟೆಯನ್ನು ಹೊತ್ತು ತರಲಾಗುವುದಿಲ್ಲ. ಗೆರೆಗಳನ್ನು ಎಲ್ಲಿ ಬೇಕಾದರೂ ಎಳೆದುಕೊಳ್ಳಬಹುದು ನಿಜ. ಸಿಮೆಂಟಿನ ನೆಲದ ಮೇಲೆ ಇದ್ದಿಲಿನಿಂದ ಹುಲಿಮನೆ ಬರೆಯಲು ಎರಡು ನಿಮಿಷ ಸಾಕು. ಕಷ್ಟ ಇರುವುದು ಸಂಜೆಗೆ ಹತ್ತು ಜನ ಬಂದು ಕೂರುವ ನೆರಳು ಬೆಳೆಯುವುದರಲ್ಲಿ. ಪುನರ್ವಸತಿ ಕೇಂದ್ರದಲ್ಲಿ ನೆಟ್ಟ ಬೇವು ಅಷ್ಟು ದೊಡ್ಡದಾಗಲು ವರ್ಷಗಳು ಬೇಕು.

ಇತ್ತ ರಬಕವಿ-ಬನಹಟ್ಟಿಯ ಪವರ್‌ಲೂಮುಗಳು ಕರೆಂಟ್ ಹೋಗಿ ನಿಂತಾಗ ನೇಕಾರರ ಕೈಗೆ ಬರುವುದು ಮೊಬೈಲು. 2016ರಲ್ಲಿ ಮುಂಬಯಿಯ ಕಂಪನಿಯೊಂದು ಹೊರತಂದ ಲೂಡೋ ಕಿಂಗ್ 2020ರ ಲಾಕ್‌ಡೌನಿನಲ್ಲಿ ಮನೆಮನೆ ಹೊಕ್ಕಿತು. ಲೂಡೋ ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನವರು ನಮ್ಮ ಪಚ್ಚೀಸಿಯನ್ನು ಸರಳಗೊಳಿಸಿ ಮಾಡಿಕೊಂಡ ಆಟ. ಪಗಡೆ ವಿಲಾಯತಿಗೆ ಹೋಗಿ ಫೋನಿನೊಳಗೆ ಕೂತು ಹಿಂತಿರುಗಿದೆ ಎನ್ನಬಹುದು. ಸರಳಗೊಳಿಸುವಾಗ ಬಿಟ್ಟುಹೋದದ್ದೂ ಇದೆ: ಲೂಡೋದಲ್ಲಿ ಯಾರನ್ನೂ ಹೊಡೆಯದೆಯೂ ಹಣ್ಣಾಗಬಹುದು.

ಫೋನಿನಲ್ಲಿ ನಿಯಮದ ಜಗಳವಿಲ್ಲ, ಅದನ್ನು ಯಂತ್ರವೇ ತೀರ್ಮಾನಿಸಿರುತ್ತದೆ. ಕಟ್ಟೆಯ ಆಟದಲ್ಲಿ ಹಾಗಲ್ಲ. ಹುಲಿ ಎಷ್ಟು ಕುರಿ ತಿಂದರೆ ಗೆದ್ದಂತೆ ಎಂಬುದಕ್ಕೆ ಒಂದೂರಿನ ಲೆಕ್ಕ ಇನ್ನೊಂದೂರಿಗಿಲ್ಲ. ಐದೆನ್ನುವವರೂ ಇದ್ದಾರೆ, ಹತ್ತಾಗಬೇಕು ಎನ್ನುವವರೂ ಇದ್ದಾರೆ. ಮುಳುಗಿದ ಮೂರು ಊರಿನವರು ಹೊಸ ಕಟ್ಟೆಯ ಮೇಲೆ ಕೂತು ಇದ್ದಿಲಿನಿಂದ ಗೆರೆ ಎಳೆದ ಮೇಲೂ, ಮೊದಲ ಕುರಿಯನ್ನು ಇಳಿಸುವ ಮುನ್ನ, ಆ ಲೆಕ್ಕವೊಂದನ್ನು ತಮ್ಮತಮ್ಮಲ್ಲೇ ಬಗೆಹರಿಸಿಕೊಳ್ಳಬೇಕು.